ಮಧುಗಿರಿ ಕಡೆಯಿಂದ ನಂದಿ ತಪ್ಪಲಿಗೆ: ಜೋಡಿಗೊಂದು ಮೂರು ದಿನದ ವೈನ್ ಪ್ರವಾಸ, ಪ್ಲಾನ್ ಸಮೇತ

‘ವೈನ್ ಟೂರ್ ಹೋಗಬೇಕು, ನಾಸಿಕ್‌ಗೆ ಹೋಗೋಷ್ಟು ರಜೆಯೂ ಇಲ್ಲ, ದುಡ್ಡೂ ಇಲ್ಲ. ನಿಮ್ ಕಡೆ ಏನಾದ್ರೂ ಇದೆಯಾ?’ ಅಂತ ಕೇಳುವ ಗೆಳೆಯರು ನನಗೆ ಈಚೆಗೆ ಜಾಸ್ತಿಯಾಗಿದ್ದಾರೆ. ನಮ್ ಕಡೆ ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲೂಕು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಮಾಡಿದ್ದಾರೆ, ಕಂದಾಯ ಜಿಲ್ಲೆ ಮಾಡಿ ಎಂಬ ಬೇಡಿಕೆ ಹಳೆಯದು. ಸಂಸ್ಕೃತದಲ್ಲಿ ‘ಮಧು’ ಅಂದರೆ ಜೇನೂ ಹೌದು, ಮದ್ಯವೂ ಹೌದು. ಆದರೆ ನಮ್ಮೂರ ಹಳೆಯ ಹೆಸರು ಮದ್ದಗಿರಿ, ಹಾಗಾಗಿ ಹೆಸರು ನಂಬಿಕೊಂಡು ಯಾರೂ ಬರಬೇಡಿ. ಇಲ್ಲಿ ಪ್ರವಾಸಿಗರು ಹೋಗಿ ರುಚಿ ನೋಡುವಂಥ ದ್ರಾಕ್ಷಿತೋಟ ಇಲ್ಲ. ಅದು ಇರುವುದು ಪೂರ್ವಕ್ಕೆ, ಗೌರಿಬಿದನೂರು ದಾಟಿದ ಮೇಲೆ, ದೊಡ್ಡಬಳ್ಳಾಪುರದ ಹತ್ತಿರ ನಂದಿ ಬೆಟ್ಟದ ತಪ್ಪಲಲ್ಲಿ.

ಆದರೂ ಈ ನಾಲ್ಕು ತಾಲೂಕು ಸುತ್ತಿಕೊಂಡು ತೋಟಕ್ಕೆ ಹೋಗಿ ಅಂತ ಹೇಳುತ್ತೇನೆ. ಬೆಂಗಳೂರಿಂದ ಸೀದಾ ಹೋದರೆ ಅರ್ಧ ದಿನದಲ್ಲಿ ಮುಗಿಯುತ್ತೆ. ಗ್ಲಾಸ್ ಹಿಡಿದು ಎರಡು ಫೋಟೊ, ಒಂದು ರೀಲ್, ಅಷ್ಟೇ. ಸುತ್ತಿಕೊಂಡು ಬಂದರೆ ಆ ಗ್ಲಾಸಿನ ಹಿಂದಿರುವ ನಾಡೂ ಕಾಣುತ್ತೆ.

ಯಾವಾಗ ಹೋಗಬೇಕು

ಫೆಬ್ರವರಿ, ಮಾರ್ಚ್. ನಮ್ಮ ದೇಶದ ಈ ಭಾಗದಲ್ಲಿ ದ್ರಾಕ್ಷಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ, ಅದಕ್ಕೇ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಬೇಸಿಗೆಯಲ್ಲಿ ಒಮ್ಮೆ ಬಳ್ಳಿ ಬೆಳೆಯಲಿ ಅಂತ, ಮಳೆಗಾಲದ ಕೊನೆಗೆ ಇನ್ನೊಮ್ಮೆ ಹಣ್ಣು ಬಿಡಲಿ ಅಂತ. ಹಣ್ಣು ಕೊಯ್ಯುವುದು ಚಳಿ ಹೋಗಿ ಬಿಸಿಲೇರುವ ಹೊತ್ತಿಗೆ. ಅದೇ ಹೊತ್ತಿಗೆ ಶಿರಾ ತಾಲೂಕಿನ ಕಗ್ಗಲಡು ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ. ಎರಡೂ ಒಟ್ಟಿಗೆ ಸಿಗುವ ಕಾಲ ಇದೊಂದೇ. ಏಪ್ರಿಲ್ ನಂತರ ಮಧುಗಿರಿ ಬಂಡೆ ಕಾದ ಹೆಂಚು, ಪ್ರೀತಿ ಎಷ್ಟೇ ಗಟ್ಟಿಯಿದ್ದರೂ ಹತ್ತಕ್ಕಾಗಲ್ಲ.

ದಿನಾಂಕ ಹಾಕುವ ಮುಂಚೆ ಚುನಾವಣಾ ವೇಳಾಪಟ್ಟಿ ನೋಡಿ. ಮತದಾನ ಮುಗಿಯುವ ಹೊತ್ತಿನಿಂದ ಹಿಂದಕ್ಕೆ 48 ಗಂಟೆ ಆ ಕ್ಷೇತ್ರದಲ್ಲಿ ಮದ್ಯ ಮಾರುವಂತಿಲ್ಲ, ಎಣಿಕೆಯ ದಿನವೂ ಇಲ್ಲ. ವಿಧಾನಸಭೆ ಚುನಾವಣೆ ಎಲ್ಲರಿಗೂ ನೆನಪಿರುತ್ತೆ. ಪದವೀಧರ, ಶಿಕ್ಷಕರ ಕ್ಷೇತ್ರದ ಚುನಾವಣೆ ನೆನಪಿರಲ್ಲ, ಬಾಗಿಲು ಹಾಕಿದ ಮೇಲೆ ಗೊತ್ತಾಗುತ್ತೆ. ಗಾಂಧಿ ಜಯಂತಿ ಹೇಗೂ ಒಣ ದಿನ.

ಮೊದಲು ಪಾವಗಡ, ಕೊನೆಗೆ ವೈನ್

ಈ ಪ್ಲಾನ್‌ನಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಇದೆ. ತೋಟ ಕೊನೆಯ ದಿನ ಬರಬೇಕು. ಪಾವಗಡ ತಾಲೂಕನ್ನು ಬಹುಪಾಲು ಆಂಧ್ರ ಸುತ್ತುವರಿದಿದೆ, ಮಧುಗಿರಿಯಿಂದ ಅಲ್ಲಿಗೆ ಹೋಗುವ ರಸ್ತೆ ನಡುವೆ ಆಂಧ್ರದ ನೆಲ ಹಾಯ್ದೇ ಹೋಗುತ್ತೆ. ತೋಟದಲ್ಲಿ ಕೊಂಡ ಬಾಟಲಿ ಡಿಕ್ಕಿಯಲ್ಲಿಟ್ಟುಕೊಂಡು ಆ ರಸ್ತೆಗೆ ಇಳಿದರೆ ನೀವು ಬೇರೆ ರಾಜ್ಯದ ಅಬಕಾರಿ ಕಾನೂನಿನೊಳಗೆ ಇದ್ದೀರಿ. ಬಿಲ್ ಕರ್ನಾಟಕದ್ದು, ಚೆಕ್‌ಪೋಸ್ಟ್ ಅವರದು. ಎಂಜಿನಿಯರಿಂಗ್ ಓದಿದವನ ಚಾಳಿ ಅಂದುಕೊಳ್ಳಿ, ನನಗೆ ಎಲ್ಲ ಪ್ರವಾಸವೂ ಮೊದಲು ಒಂದು ಕ್ರಮದ ಲೆಕ್ಕವಾಗಿಯೇ ಕಾಣುತ್ತೆ.

ಇನ್ನೊಂದು ಲೆಕ್ಕ. ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಶನಿವಾರ ಸುತ್ತಲ ಜಿಲ್ಲೆಗಳಿಂದ ಜನ ಸೇರುತ್ತಾರೆ. ಆದ್ದರಿಂದ ಶುಕ್ರವಾರ ಶಿರಾ-ಪಾವಗಡ, ಶನಿವಾರ ಮಧುಗಿರಿ, ಭಾನುವಾರ ತೋಟ. ಶುಕ್ರವಾರ ಒಂದು ರಜೆ ಹಾಕಿ.

ಬಸ್‌ನಲ್ಲಿ ಆಗುತ್ತಾ? ತುಮಕೂರು-ರಾಯದುರ್ಗ ರೈಲು ಮಾರ್ಗದ ಕೆಲಸ ವರ್ಷಗಳಿಂದ ನಡೆಯುತ್ತಲೇ ಇದೆ, ಅದನ್ನು ನಂಬಿ ಪ್ಲಾನ್ ಮಾಡಬೇಡಿ. ಬಸ್ಸು ಬೇಕಾದಷ್ಟಿವೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಜೋಡಿಯ ಅರ್ಧ ಖರ್ಚು ಉಳಿಯಿತು, ಇಬ್ಬರೂ ಹೆಣ್ಣುಮಕ್ಕಳಾದರೆ ಪೂರ್ತಿ. ಹಳ್ಳಿ ಒಳಗಿನ ಜಾಗಗಳಿಗೆ ಮಾತ್ರ ಆಟೊ ಮಾತಾಡಿಕೊಳ್ಳಬೇಕು.

ಶುಕ್ರವಾರ

ತುಮಕೂರಿಂದ ಹೆದ್ದಾರಿಯಲ್ಲಿ ಒಂದು ಗಂಟೆಗೆ ಶಿರಾ. ಹೆದ್ದಾರಿ ಪಕ್ಕದ ಹೋಟೆಲಲ್ಲಿ ಇಡ್ಲಿ ತಿಂದು ಮುಂದೆ ಹೋಗುವವರೇ ಎಲ್ಲ, ಊರೊಳಗೆ ಯಾರೂ ತಿರುಗಲ್ಲ. ಬಿಜಾಪುರದ ಆದಿಲ್‌ಶಾಹಿಗಳ ಕಾಲಕ್ಕೆ ಇಲ್ಲಿ ಅಧಿಕಾರ ನಡೆಸಿದ ಮಲಿಕ್ ರಿಹಾನ್‌ನ ಗೋರಿ ಇದೆ. 1687ರಲ್ಲಿ ಮೊಘಲರು ಬಂದ ಮೇಲೆ ಶಿರಾ ಒಂದು ಸುಬಾದ ರಾಜಧಾನಿಯೇ ಆಗಿತ್ತು, 1696ರ ಜಾಮಿಯಾ ಮಸೀದಿ ಆ ಕಾಲದ್ದು. ಇತಿಹಾಸವನ್ನು ವಾಟ್ಸಾಪ್‌ನಲ್ಲಿ ಓದಿದವರು ಇಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತರೂ ಸಾಕು.

ಅಲ್ಲಿಂದ ಕಗ್ಗಲಡು ಹತ್ತಿರ. ಕೊಕ್ಕರೆಗಳು ಊರ ನಡುವಿನ ಮರಗಳಲ್ಲೇ ಇರುತ್ತವೆ, ಕಾಯುವವರು ಊರಿನವರೇ. ಡ್ರೋನ್ ಹಾರಿಸಬೇಡಿ, ಸ್ಪೀಕರ್ ಹಾಕಬೇಡಿ.

ಮಧ್ಯಾಹ್ನದ ನಂತರ ಪಾವಗಡ. ತಿರುಮಣಿ, ವಳ್ಳೂರು, ರಾಯಚೆರ್ಲು, ಬಳಸಮುದ್ರ, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಒಳಗೆ ಬಿಡಲ್ಲ, ರಸ್ತೆಯಿಂದಲೇ ನೋಡಬೇಕು. ಸಂಜೆ ಬಿಸಿಲಿಗೆ ನೀಲಿ ಕೆರೆ ತುಂಬಿದಂತೆ ಕಾಣುತ್ತೆ, ಕೆರೆಯಲ್ಲಿ ನೀರಿಲ್ಲದ ಸೀಮೆಯಲ್ಲಿ. ಕಡಲೆಕಾಯಿ ಹಾಕಿ, ಮಳೆ ಬರದೆ, ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಭೂಮಿ ಕೊಟ್ಟರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಭೂಮಿ ಇದ್ದವರಿಗೆ ಖಾತ್ರಿ ದುಡ್ಡು ಬಂತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಆಡು-ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರ ಹೆಸರಿಗೆ ಯಾವ ಗುತ್ತಿಗೆ ಪತ್ರವೂ ಇರಲಿಲ್ಲ. ಇಲ್ಲಿ ನೀರಿನ ಬಾಟಲಿ ಜೊತೆಗಿರಲಿ, ಫ್ಲೋರೈಡ್ ತಾಲೂಕಿನ ಹಳೇ ಕಾಯಿಲೆ.

ರಾತ್ರಿ ಮಧುಗಿರಿಗೆ ಬಂದು ಮಲಗಿ.

ರೂಮಿನ ವಿಷಯ

ಕೇಳುವವರೆಲ್ಲ ತೋಟಕ್ಕಿಂತ ಮೊದಲು ಕೇಳುವ ಪ್ರಶ್ನೆ ಇದು, ಸ್ವಲ್ಪ ದನಿ ತಗ್ಗಿಸಿ. ಮದುವೆಯಾಗದ ಇಬ್ಬರು ವಯಸ್ಕರು ಒಂದೇ ರೂಮಲ್ಲಿ ತಂಗಬಾರದು ಎನ್ನುವ ಕಾನೂನು ನಮ್ಮ ದೇಶದಲ್ಲಿಲ್ಲ. ಕೊಯಮತ್ತೂರಿನ ಒಂದು ವಸತಿಗೃಹಕ್ಕೆ ಅಧಿಕಾರಿಗಳು ಬೀಗ ಹಾಕಿದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2019ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ಗುರುತಿನ ಚೀಟಿ ಇಬ್ಬರದ್ದೂ ತೋರಿಸಬೇಕು, ಸ್ಥಳೀಯ ವಿಳಾಸದವರಿಗೆ ರೂಮ್ ಕೊಡಲ್ಲ ಎನ್ನುವ ಲಾಡ್ಜ್‌ಗಳೂ ಇರುತ್ತವೆ. ಅದು ಅವರ ನಿಯಮ, ಸರ್ಕಾರದ ಕಾನೂನಲ್ಲ. ಆದ್ದರಿಂದ ಮುಂಚೆಯೇ ಫೋನ್ ಮಾಡಿ ‘ನಾವಿಬ್ಬರು, ಮದುವೆಯಾಗಿಲ್ಲ, ರೂಮ್ ಕೊಡ್ತೀರಾ?’ ಅಂತ ನೇರ ಕೇಳಿ. ರಾತ್ರಿ ಹತ್ತಕ್ಕೆ ಕೌಂಟರ್‌ನಲ್ಲಿ ನಿಂತು ಹಕ್ಕಿನ ಬಗ್ಗೆ ವಾದ ಮಾಡುವುದಕ್ಕಿಂತ ಹಗಲು ಎರಡು ನಿಮಿಷ ಮಾತಾಡುವುದು ವಾಸಿ.

ಜೋಡಿ ಬೇರೆ ಧರ್ಮದ್ದಾದರೆ ಈ ಎಚ್ಚರ ಇನ್ನಷ್ಟು ಬೇಕಾಗುತ್ತೆ ಅಂತ ಬರೆಯಲು ನನಗೆ ನಾಚಿಕೆಯಾಗುತ್ತೆ, ಆದರೂ ಬರೆಯಬೇಕು. 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ನಿಂದ ಹೆಣ್ಣುಮಕ್ಕಳನ್ನು ಹೊಡೆದು ಓಡಿಸಿದ ದೃಶ್ಯ ಟೀವಿಯಲ್ಲಿ ನೋಡಿ ಬೆಳೆದ ತಲೆಮಾರು ನಮ್ಮದು. ಯಾರಾದರೂ ಅಡ್ಡಗಟ್ಟಿ ಊರು, ಜಾತಿ, ಅಪ್ಪನ ನಂಬರ್ ಕೇಳಿದರೆ ಉತ್ತರಿಸುವ ಅಗತ್ಯ ನಿಮಗಿಲ್ಲ. 112ಕ್ಕೆ ಕರೆ ಮಾಡಿ, ಎಲ್ಲಿದ್ದೀರಿ ಅಂತ ಒಬ್ಬ ಸ್ನೇಹಿತರಿಗೆ ಮೊದಲೇ ತಿಳಿಸಿರಿ.

ಶನಿವಾರ

ಬೆಳಗಾಗುವ ಹೊತ್ತಿಗೆ ಬೆಟ್ಟದ ಬುಡದಲ್ಲಿರಿ. ಏಷ್ಯಾದ ಎರಡನೇ ಅತಿ ದೊಡ್ಡ ಏಕಶಿಲೆ ಅಂತ ನಾವೆಲ್ಲ ಶಾಲೆಯಲ್ಲಿ ಹೇಳಿಕೊಂಡು ಬೆಳೆದವರು, ಮೊದಲನೆಯದು ಸಾವನದುರ್ಗವಂತೆ. ಹಿರೇಗೌಡ ಕಟ್ಟಿಸಿದ, ಮುಂದೆ ಹೈದರಾಲಿ ಬಲಪಡಿಸಿದ ಕೋಟೆ. ಮೇಲಿನ ಭಾಗ ತೀರಾ ಕಡಿದು, ಕಂಬಿ ಹಿಡಿದು ಹತ್ತಬೇಕು, ಹಿಡಿತವಿರುವ ಶೂ ಬೇಕು. ಹತ್ತಿ ಇಳಿಯಲು ಮೂರು-ನಾಲ್ಕು ಗಂಟೆ, ಮೇಲೆ ನೀರು ಸಿಗಲ್ಲ. ಹೆಜ್ಜೇನು ಕಂಡರೆ ಸದ್ದು ಮಾಡದೆ ದಾಟಿ. ಮಳೆ ಬಂದ ದಿನ ಹತ್ತಲೇಬೇಡಿ.

ಸಂಜೆಗೆ ಮೈದನಹಳ್ಳಿ. 2007ರಲ್ಲಿ ಜಯಮಂಗಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾದ 798 ಎಕರೆ ಹುಲ್ಲುಗಾವಲಲ್ಲಿ ಕೃಷ್ಣಮೃಗಗಳು ಹಿಂಡು ಹಿಂಡಾಗಿ ಕಾಣುತ್ತವೆ. ಬೆಟ್ಟ ಹತ್ತಿ ಕಾಲು ನೋಯುತ್ತಿರುವವರಿಗೆ ಸುಮ್ಮನೆ ಕೂತು ನೋಡುವ ಈ ಸಂಜೆ ಹೇಳಿ ಮಾಡಿಸಿದ್ದು. ಕೊರಟಗೆರೆ ಕಡೆ ಮನಸ್ಸಿದ್ದರೆ ಇದರ ಬದಲು ಸಿದ್ಧರಬೆಟ್ಟ ಅಥವಾ ಗೊರವನಹಳ್ಳಿ, ಎರಡೂ ಭಕ್ತರ ಜಾಗ, ಅಲ್ಲಿಗೆ ಬಾಟಲಿ ಒಯ್ಯಬೇಡಿ.

2007ರ ಎರಡು ತೀರ್ಮಾನ

ಶಿರಾ-ಮಧುಗಿರಿ ಹಳ್ಳಗಳ ಬದಿಯಲ್ಲಿ ಈಚಲು ಮರ ನೋಡಿರುತ್ತೀರಿ. ನಮ್ಮ ಅಜ್ಜಂದಿರ ಕಾಲಕ್ಕೆ ಈ ಸೀಮೆಯ ‘ವೈನ್’ ಅದೇ, ಈಚಲ ಹೆಂಡ. ಕಲಬೆರಕೆಯ ಕಾರಣ ಮುಂದಿಟ್ಟು 2004ರಲ್ಲಿ ನಮ್ಮ ಕಡೆ ಸೇಂದಿ ಇಳಿಸುವುದನ್ನೇ ನಿಲ್ಲಿಸಿದರು. ಮರ ಹತ್ತುವುದನ್ನೇ ಕುಲಕಸುಬು ಮಾಡಿಕೊಂಡಿದ್ದ ಈಡಿಗರ ಮನೆಗಳ ಒಲೆಯ ಮೇಲೆ ಅದು ನೇರ ಪೆಟ್ಟು. 2007ರ ಜುಲೈ 1ರಿಂದ ಪ್ಯಾಕೆಟ್ ಸಾರಾಯಿ ನಿಂತಿತು. ಅದೇ 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು, ವೈನರಿಗಳಿಗೆ ಪ್ರೋತ್ಸಾಹ, ಅದಕ್ಕೆಂದೇ ಮಂಡಳಿ, ಮುಂದೆ ವೈನ್ ಮೇಳಗಳು.

ಸಾರಾಯಿ ನಿಷೇಧ ತಪ್ಪು ಅಂತ ನಾನು ಹೇಳಲಾರೆ. ಗಂಡನ ಕೂಲಿಯೆಲ್ಲ ಪ್ಯಾಕೆಟ್ಟಿಗೆ ಹೋಗುವುದನ್ನು ಕಂಡ ಹಳ್ಳಿಯ ಹೆಂಗಸರು ಬೀದಿಗಿಳಿದು ಕೇಳಿದ್ದು ಅದು. ಆದರೆ ಕಲಬೆರಕೆ ತಡೆಯುವ ಕೆಲಸ ಸೇಂದಿಗೆ ಯಾಕೆ ಆಗಲಿಲ್ಲ? ದ್ರಾಕ್ಷಿಯ ರಸ ಹುಳಿಯಿಸಿದರೆ ತೋಟಗಾರಿಕೆ, ಈಚಲ ರಸ ತಾನಾಗೇ ಹುಳಿ ಬಂದರೆ ಅಪರಾಧ ಅನ್ನುವ ವಿಂಗಡಣೆಯಲ್ಲಿ ಕುಡಿಯುವವನ ಜೇಬು, ಇಳಿಸುವವನ ಜಾತಿ ಎರಡೂ ಕೆಲಸ ಮಾಡಿವೆ ಎಂಬುದು ನನ್ನ ಅಭಿಪ್ರಾಯ. ವೈನ್ ತೋಟಕ್ಕೆ ಹೋಗಬೇಡಿ ಅಂತ ಇದರರ್ಥವಲ್ಲ, ನಾನೇ ಹೋಗುತ್ತೇನೆ. ಈ ಪ್ರಶ್ನೆಯನ್ನೂ ಜೊತೆಗೆ ಕರ್ಕೊಂಡು ಹೋಗಿ, ಟೂರ್ ಮಾಡಿಸುವವರನ್ನು ಕೇಳಿ.

ಭಾನುವಾರ

ಮಧುಗಿರಿಯಿಂದ ಗೌರಿಬಿದನೂರು, ಅಲ್ಲಿಂದ ದೊಡ್ಡಬಳ್ಳಾಪುರ. ಎರಡು ಗಂಟೆ ಇಟ್ಟುಕೊಳ್ಳಿ. ತೋಟ ದೊಡ್ಡಬಳ್ಳಾಪುರ-ದೇವನಹಳ್ಳಿ ರಸ್ತೆಯಲ್ಲಿದೆ, ಗ್ರೋವರ್ ಜಂಪಾ. ಕನ್ವಲ್ ಗ್ರೋವರ್ ಫ್ರಾನ್ಸ್‌ನ ತಳಿಗಳನ್ನು ತಂದು ಕಟ್ಟಿದ್ದು 1988ರಲ್ಲಿ. ತೊಂಬತ್ತರ ದಶಕದಲ್ಲಿ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾದರು. 2012ರಲ್ಲಿ ನಾಸಿಕ್ ಕಡೆಯ ಜಂಪಾ ಜೊತೆ ವಿಲೀನವಾಯಿತು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಹಗಲು ಬಿಸಿಲು, ರಾತ್ರಿ ತಂಪು. ಹಗಲಲ್ಲಿ ಸಕ್ಕರೆ ಕಟ್ಟುತ್ತೆ, ತಂಪು ರಾತ್ರಿಯಲ್ಲಿ ಹುಳಿ ಉಳಿದುಕೊಳ್ಳುತ್ತೆ, ಎರಡರ ಹದವೇ ವೈನ್.

ಟೂರ್ ಮುಂಗಡ ಬುಕ್ ಮಾಡಿ, ವಾರಾಂತ್ಯ ತುಂಬಿರುತ್ತೆ. ದರ, ಸಮಯ, ಊಟ ಸೇರಿದೆಯೋ ಇಲ್ಲವೋ ಆಗಲೇ ಕೇಳಿಕೊಳ್ಳಿ. ಬಳ್ಳಿ ಸಾಲು, ಉಕ್ಕಿನ ಟ್ಯಾಂಕು, ಓಕ್ ಪೀಪಾಯಿ ತೋರಿಸಿ ಕೊನೆಗೆ ರುಚಿಗೆ ಕೂರಿಸುತ್ತಾರೆ. ಗ್ಲಾಸಿನ ಕಾಲು ಹಿಡಿಯಿರಿ, ಬಟ್ಟಲು ಹಿಡಿದರೆ ಅಂಗೈ ಬಿಸಿ ತಾಗುತ್ತೆ. ಮೂಸಿ ನೋಡಿದ ಮೇಲೆ ಪಕ್ಕದವರು ‘ಚೆರ್ರಿ, ತಂಬಾಕು’ ಅಂದರೆ ನೀವು ‘ನೇರಳೆ ಹಣ್ಣು, ಹುಣಸೆ’ ಅನ್ನಿ. ನಿಮ್ಮ ಮೂಗಿಗೆ ಗೊತ್ತಿರುವ ಹಣ್ಣೇ ನಿಮಗೆ ಸರಿ. ಎಲ್ಲವನ್ನೂ ನುಂಗಬೇಕಿಲ್ಲ, ಉಗುಳಲು ಪಾತ್ರೆ ಕೊಡುತ್ತಾರೆ. ಖಾರದ ಊಟದ ಜೊತೆ ಒಗರು ಜಾಸ್ತಿ ಇರುವ ಕೆಂಪು ವೈನ್ ಬಾಯಿ ಉರಿಸುತ್ತೆ, ತಣ್ಣಗಿನ ಬಿಳಿ ವೈನ್ ಹೊಂದುತ್ತೆ. ವಿಯೊನ್ಯೇ ಎಂಬ ಬಿಳಿ ತಳಿ ಇಲ್ಲಿ ಚೆನ್ನಾಗಿ ಮಾಡುತ್ತಾರೆ. ಪಾವಗಡದಲ್ಲಿ ಕೊಂಡ ಹುರಿದ ಕಡಲೆಕಾಯಿ ಉಳಿದಿದ್ದರೆ ರೂಮಿಗೆ ಹೋದ ಮೇಲೆ ಅದರ ಜೊತೆ ನೋಡಿ.

ಆಚೆ ಬಂದಾಗ ರಸ್ತೆ ಬದಿ ಕಪ್ಪು-ನೀಲಿ ದ್ರಾಕ್ಷಿ ಬುಟ್ಟಿ ಕಂಡರೆ ಕೊಳ್ಳಿ. ಬೆಂಗಳೂರು ನೀಲಿ, 2013ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ ತಳಿ. ಒಳ್ಳೆ ವೈನಿಗೆ ಇದನ್ನು ಬಳಸಲ್ಲ, ಜ್ಯೂಸಿಗೆ, ಅಗ್ಗದ ಸಿಹಿ ವೈನಿಗೆ ಹೋಗುತ್ತೆ. ತೋಟದ ಅಂಗಡಿಯ ಒಂದು ಬಾಟಲಿಯ ದುಡ್ಡಲ್ಲಿ ಎಷ್ಟು ಕೆಜಿ ಬರುತ್ತೆ ಅಂತ ಅಲ್ಲೇ ಲೆಕ್ಕ ಹಾಕಿ.

ರಾಜ್ಯದಲ್ಲಿ ಮದ್ಯ ಕೊಳ್ಳುವ ವಯಸ್ಸು 21. 2023ರ ಜನವರಿಯಲ್ಲಿ 18ಕ್ಕೆ ಇಳಿಸುವ ಕರಡು ಬಂದು, ಗಲಾಟೆಯಾಗಿ, ವಾಪಸ್ ಹೋಯಿತು. ಗಾಡಿ ಓಡಿಸುವವರು ರುಚಿ ನೋಡುವಂತಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಬೀಳಬಹುದು. ಇಬ್ಬರೂ ಕುಡಿಯಬೇಕಂದ್ರೆ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿಂದ ತೋಟಕ್ಕೆ ಹೋಗಿ ಬರಲು ಆಟೊ ಮಾತಾಡಿ, ಕಾಯೋದಕ್ಕೂ ಸೇರಿಸಿ ರೇಟು ಕೇಳಿ. ಅಲ್ಲಿಂದ ಬೆಂಗಳೂರಿಗೆ ಬಸ್ಸೂ ಇದೆ, ರೈಲೂ ಇದೆ.