ಏಳು ಜನ, ಎಂಬತ್ತು ರೂಪಾಯಿ

ನೌಕರಿಯ ಜೊತೆಗೆ ಒಂದು ಚಿಕ್ಕ ವ್ಯಾಪಾರವಿದ್ದರೆ ಚೆನ್ನು ಎಂಬ ಆಸೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ತಿಂಗಳ ಇಪ್ಪತ್ತನೆಯ ತಾರೀಕಿನ ಹೊತ್ತಿಗೆ ತಾನಾಗಿ ಹುಟ್ಟುತ್ತದೆ. ಒಂದನೆಯ ತಾರೀಕು ಸಂಬಳ ಬಂದೊಡನೆ ತಾನಾಗಿ ಅಡಗುತ್ತದೆ. ಆ ಆಸೆಯನ್ನು ಅಡಗಗೊಡದೆ ಹಿಡಿದು ನಿಲ್ಲಿಸಿದವರ ಕಥೆಗಳು ದೊಡ್ಡ ಕಾರ್ಖಾನೆಗಳ ಇತಿಹಾಸದಷ್ಟೇ ಓದತಕ್ಕವು. ಅವುಗಳಲ್ಲಿ ನನಗೆ ಬಹಳ ಮೆಚ್ಚಿಕೆಯಾದದ್ದು ಮುಂಬಯಿಯ ಒಂದು ತಾರಸಿಯ ಮೇಲೆ ಹುಟ್ಟಿದ ಹಪ್ಪಳದ ವ್ಯಾಪಾರದ ಕಥೆ.

1959ನೆಯ ಇಸವಿ ಮಾರ್ಚ್ 15. ಗಿರಗಾಂವಿನ ಲೋಹಾಣಾ ನಿವಾಸದಲ್ಲಿದ್ದ ಏಳು ಮಂದಿ ಗುಜರಾತಿ ಗೃಹಿಣಿಯರು ತಾರಸಿಯ ಮೇಲೆ ಕುಳಿತು ನಾಲ್ಕು ಪೊಟ್ಟಣ ಹಪ್ಪಳ ಮಾಡಿದರು. ಬಂಡವಾಳ 80 ರೂಪಾಯಿ, ಅದೂ ಸಾಲ. ಕೊಟ್ಟವರು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರಾಗಿದ್ದ ಛಗನ್‌ಲಾಲ್ ಕರಮಸಿ ಪಾರೇಖರು. ನಷ್ಟದಲ್ಲಿ ನಡೆಯುತ್ತಿದ್ದ ಇನ್ನೊಬ್ಬರ ಹಪ್ಪಳದ ಕಸುಬನ್ನೇ ಇವರು ವಹಿಸಿಕೊಂಡಿದ್ದರು ಎಂಬುದನ್ನು ಮರೆಯಬಾರದು. ಭುಲೇಶ್ವರದ ಪರಿಚಿತ ವ್ಯಾಪಾರಿಯೊಬ್ಬರು ಆ ನಾಲ್ಕು ಪೊಟ್ಟಣಗಳನ್ನು ಕೊಂಡರು.

ನಮ್ಮ ಕಡೆಯ ಓದುಗರಿಗೆ ಹಪ್ಪಳದ ವಿಷಯ ಹೇಳಬೇಕಾದ್ದಿಲ್ಲ. ಬೇಸಿಗೆಯಲ್ಲಿ ಅಕ್ಕಪಕ್ಕದ ಹೆಂಗಸರು ಇವತ್ತು ನಿಮ್ಮ ಮನೆ, ನಾಳೆ ನಮ್ಮ ಮನೆ ಎಂದು ಸೇರಿ ಲಟ್ಟಿಸುವುದು, ಕಾಗೆ ಕಾಯಲು ಹುಡುಗರನ್ನು ಕೂರಿಸುವುದು, ಆ ಹುಡುಗರೇ ಕಾಗೆಗಳಿಗಿಂತ ಹೆಚ್ಚು ತಿನ್ನುವುದು, ಎಲ್ಲವೂ ಇಲ್ಲೂ ನಡೆದದ್ದೇ. ಆದರೆ ಆ ಶ್ರಮಕ್ಕೆ ನಾವು ಬೆಲೆ ಕಟ್ಟಿರಲಿಲ್ಲ. ಹೆಂಗಸರ ‘ಬಿಡುವಿನ ವೇಳೆ’ ಎಂದು ಅದಕ್ಕೆ ಹೆಸರಿಟ್ಟು ಸುಮ್ಮನಾದೆವು. ಗಿರಗಾಂವಿನವರು ಅದೇ ಬಿಡುವನ್ನು ತಕ್ಕಡಿಗೆ ಹಾಕಿದರು, ಹೊಸತನವಿದ್ದದ್ದು ಅಷ್ಟರಲ್ಲೇ.

ಮೊದಲು ಅವರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು. ಕಡಿಮೆ ದರ್ಜೆಯದನ್ನು ಅಗ್ಗದ ಬೆಲೆಗೆ ಮಾರುವ ಉದ್ದೇಶ. ಪಾರೇಖರು ಬೇಡವೆಂದರು. ಒಂದೇ ದರ್ಜೆ ಇರಲಿ, ಗುಣ ಕೆಡಿಸಬೇಡಿ, ಇದನ್ನು ವ್ಯಾಪಾರವೆಂದೇ ನಡೆಸಿ, ಲೆಕ್ಕ ಸರಿಯಾಗಿ ಇಡಿ ಎಂಬುದು ಅವರ ಸಲಹೆ. ನಷ್ಟವಾದರೂ ಯಾರಿಂದಲೂ ದಾನ ಕೇಳಬಾರದೆಂದು ಅವರು ನಿಶ್ಚಯಿಸಿಕೊಂಡಿದ್ದರು. ಬಡ ಹೆಂಗಸರಿಗೆ ಸಹಾಯವೆಂದು ಒಂದು ಪೊಟ್ಟಣ ಕೊಂಡವನು ಎರಡನೆಯದಕ್ಕೆ ಬರುವುದಿಲ್ಲ. ರುಚಿಗೆಂದು ಕೊಂಡವನು ಬಂದೇ ಬರುತ್ತಾನೆ.

ಲೆಕ್ಕದ ಮಾತಿಗೆ ನನ್ನದೂ ಒಂದು ಸಾಕ್ಷ್ಯವಿದೆ. ಕಚೇರಿಯ ಕೆಲಸದ ಜೊತೆಗೆ ಕೆಲವು ವರ್ಷ ಸಂಜೆಯ ಹೊತ್ತು ಮನೆಯ ಮುಂಗೋಣೆಯಲ್ಲಿ ಬಾಡಿಗೆ ಪುಸ್ತಕಗಳ ಅಂಗಡಿ ಇಟ್ಟಿದ್ದೆ. ಅದರ ಹಣಕ್ಕೆ ನನ್ನ ಹೆಂಡತಿ ಬೇರೆಯೇ ಒಂದು ಡಬ್ಬಿ ಮಾಡಿದ್ದಳು. ಅಡಿಗೆಮನೆಯ ಡಬ್ಬಿಗೂ ಅದಕ್ಕೂ ಮಾತುಕತೆಯಿಲ್ಲ. ಒಮ್ಮೆ ಹಾಲಿನವನಿಗೆ ಕೊಡಲು ಅದರಿಂದ ಐದು ರೂಪಾಯಿ ತೆಗೆದಾಗ ನನ್ನಿಂದ ಚೀಟಿ ಬರೆಸಿಕೊಂಡಳು. ಹಣ ಸಿಕ್ಕಿದ್ದು ಅಷ್ಟಕ್ಕಷ್ಟೆ. ಆದರೆ ಯಾವ ತಿಂಗಳು ಲಾಭ, ಯಾವ ತಿಂಗಳು ಬರೀ ಸಂಭ್ರಮ ಎಂಬುದು ಆ ಡಬ್ಬಿಯಿಂದ ಸ್ಪಷ್ಟವಾಗಿ ತಿಳಿಯುತ್ತಿತ್ತು.

ಗಿರಗಾಂವಿನವರ ಮೊದಲ ವರ್ಷದ ಮಾರಾಟ 6,196 ರೂಪಾಯಿ. ಮುರಿದ ಹಪ್ಪಳ ನೆರೆಹೊರೆಗೆ ಹಂಚಿಹೋಗುತ್ತಿತ್ತು. ಆ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮುಂಬಯಿಯ ಮಳೆ ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮರುವರ್ಷ ಒಂದು ಮಂಚ, ಒಂದು ಒಲೆ ತಂದರು: ಹಪ್ಪಳ ಮಂಚದ ಮೇಲೆ, ಒಲೆ ಮಂಚದ ಕೆಳಗೆ. ಯಂತ್ರವಿಲ್ಲ, ತಜ್ಞರಿಲ್ಲ, ಮಳೆ ಸುರಿಯುತ್ತಿದ್ದರೂ ಕಸುಬು ನಡೆಯಿತು. 1962ರಲ್ಲಿ ಹೆಸರಿಗಾಗಿ ಸ್ಪರ್ಧೆ ನಡೆಸಿ, ಐದು ರೂಪಾಯಿ ಬಹುಮಾನ ಕೊಟ್ಟು ‘ಲಿಜ್ಜತ್’ ಎಂಬುದನ್ನು ಆರಿಸಿದರು. ಗುಜರಾತಿಯಲ್ಲಿ ರುಚಿ ಎಂದರ್ಥ. 1966ರಲ್ಲಿ ಸಂಸ್ಥೆ ನೋಂದಣಿಯಾಯಿತು. ಅದೇ ವರ್ಷ ಖಾದಿ ಗ್ರಾಮೋದ್ಯೋಗ ಆಯೋಗದ ಮನ್ನಣೆಯೂ ದೊರೆಯಿತು.

ಕೆಲಸದ ಕ್ರಮವನ್ನು ನೋಡಿ. ಹಿಟ್ಟನ್ನು ಶಾಖೆಯಲ್ಲಿ ನಾದುತ್ತಾರೆ. ಬೆಳಿಗ್ಗೆ ಸದಸ್ಯೆ ಬಂದು ನಿನ್ನೆಯ ಹಪ್ಪಳ ಒಪ್ಪಿಸಿ, ತೂಕಕ್ಕೆ ತಕ್ಕ ಮಜೂರಿ ಪಡೆದು, ಇವತ್ತಿನ ಹಿಟ್ಟು ಒಯ್ಯುತ್ತಾಳೆ. ಲಟ್ಟಿಸುವುದು ಅವಳ ಮನೆಯಲ್ಲಿ, ಅವಳ ಹೊತ್ತಿನಲ್ಲಿ. ಲಟ್ಟಿಸುವವಳೇ ಒಡತಿಯೂ ಹೌದು. ಲಾಭ ನಷ್ಟಗಳಲ್ಲಿ ಅವಳ ಪಾಲಿದೆ. ಹಾಗೆಂದು ಇದನ್ನು ರಾಮರಾಜ್ಯವೆಂದು ವರ್ಣಿಸಲು ನನಗೆ ಮನಸ್ಸಿಲ್ಲ. ಒಲೆಯ ಕೆಲಸ ಮುಗಿಸಿದ ತೋಳೇ ಮತ್ತೆ ಮಣೆಯ ಮುಂದೆ ಕೂರಬೇಕು. ಮನೆಗೆಲಸದಲ್ಲಿ ಗಂಡಸಿನ ಪಾಲು ಇದರಿಂದ ಹೆಚ್ಚಿತೆಂದು ಹೇಳಲಾರೆ. ಆದರೆ ದುಡ್ಡು ಅವಳ ಕೈಗೆ ಬರುತ್ತದೆ. ಒಬ್ಬರ ಮುಂದೆ ಕೈಯೊಡ್ಡದೆ ಮಗುವಿನ ಶಾಲೆಯ ಫೀ ಕಟ್ಟಬಹುದು. ಏಳು ಜನ ಸುಮಾರು 45,000 ಆದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಮೊದಲ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಜಮನಾದಾಸ್ ಪೋಪಟರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಅವರು ಕೈಹಾಕಿದ್ದೆಲ್ಲ ಫಲಿಸಲಿಲ್ಲ ಎಂಬುದೂ ಈ ಚರಿತ್ರೆಯ ಭಾಗ. 1961ರಲ್ಲಿ ಮಲಾಡಿನಲ್ಲಿ ತೆರೆಯಲೆತ್ನಿಸಿದ ಶಾಖೆ ನಿಲ್ಲಲಿಲ್ಲ. ಎಪ್ಪತ್ತರ ದಶಕದಲ್ಲಿ ಹಿಟ್ಟಿನ ಗಿರಣಿ, ಮುದ್ರಣ ವಿಭಾಗ, ಮಸಾಲೆ ಬಂದವು. ಇವೆಲ್ಲ ಹಪ್ಪಳದ ನೆಂಟರೇ. ಹಿಟ್ಟು ಬೇಕು, ಪೊಟ್ಟಣಕ್ಕೆ ಅಚ್ಚು ಬೇಕು. 1979ರಲ್ಲಿ ಚರ್ಮದ ಕೆಲಸಕ್ಕೂ ಬೆಂಕಿಪೊಟ್ಟಣಕ್ಕೂ ಹೋದರು, ಊದುಬತ್ತಿಯನ್ನೂ ಮಾಡಿನೋಡಿದರು. ಆ ಮೂರೂ ಕೈಗೂಡಲಿಲ್ಲ. ಹಪ್ಪಳ ಮಾತ್ರ ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲೂ ತೂಗಾಡುತ್ತಿದೆ.