ಪಟ್ಟಿಯಲ್ಲಿದ್ದವರು, ಮನೆಯಲ್ಲಿದ್ದವರು

2020ರ ಜೂನ್ ಮೊದಲ ವಾರ. ರಾಜ್ಯದ ಕೊರೊನಾ ಪ್ರಕರಣಗಳ ಪಟ್ಟಿಯಲ್ಲಿ ಉಡುಪಿ ಜಿಲ್ಲೆ ಬೆಂಗಳೂರನ್ನೂ ಹಿಂದಿಕ್ಕಿ ಮೇಲೇರಿತು. ಮಾರ್ಚ್ ಕೊನೆಗೆ ಬರೀ 3 ಪ್ರಕರಣ ಕಂಡು, ಮೇ ಮಧ್ಯದವರೆಗೆ ಹಸಿರು ವಲಯವೆನಿಸಿಕೊಂಡಿದ್ದ ಜಿಲ್ಲೆ ಅದು. ಇಷ್ಟಾಗಿಯೂ ಸತ್ತವರ ಸಂಖ್ಯೆ ಬೆರಳೆಣಿಕೆಯಲ್ಲೇ ಉಳಿಯಿತು. ಸೋಂಕಿತರಲ್ಲಿ ಹೆಚ್ಚಿನವರು ಮುಂಬಯಿಯಿಂದ ಊರಿಗೆ ಮರಳಿದ ದುಡಿಯುವ ಪ್ರಾಯದವರು. ಬಹುಪಾಲು ಮಂದಿಗೆ ಕೆಮ್ಮು, ಜ್ವರ ಯಾವುದೂ ಇರಲಿಲ್ಲ.

ಈ ಅಂಕಿಗಳನ್ನು ಎರಡು ರೀತಿ ಓದಬಹುದು. ಬಂದವರು ಎಳೆಯರು, ಆದ್ದರಿಂದ ಸಾವು ಕಡಿಮೆ ಎನ್ನುವುದು ಒಂದು. ಬಂದವರನ್ನು ಶಾಲೆ, ಹಾಸ್ಟೆಲ್, ಲಾಡ್ಜ್‌ಗಳಲ್ಲಿ ಇರಿಸಿದ್ದರಿಂದ ಮನೆಯ ಹಿರಿಯರು ಬಚಾವಾದರು ಎನ್ನುವುದು ಇನ್ನೊಂದು. ಎರಡರಲ್ಲಿ ಯಾವುದು ಎಷ್ಟು ಸರಿ ಎಂದು ಬೇರ್ಪಡಿಸಿ ಹೇಳಲು ಬೇಕಾದ ಮಾಹಿತಿಯನ್ನು ಯಾರೂ ಕಲೆಹಾಕುತ್ತಿರಲಿಲ್ಲ. ಸಾಂಕ್ರಾಮಿಕದಲ್ಲಿ ಯಾರು ದುರ್ಬಲರು ಎಂದು ಗುರುತಿಸುವ ವಿದ್ಯೆ ನೂರು ವರ್ಷಗಳಲ್ಲಿ ಬಹಳ ಬೆಳೆದಿದೆ. ಅವರನ್ನು ಕಾಯಲು ನಾವು ಮಾಡಿದ್ದು ಫಲಿಸಿತೇ ಎಂದು ಅಳೆಯುವ ವಿದ್ಯೆ ಮಾತ್ರ ಇನ್ನೂ ಎಳೆಯದು.

ಜ್ವರದ ಕಾಲಂನಿಂದ ಬಿ-2 ವರ್ಗದವರೆಗೆ

1918ರ ಇನ್‌ಫ್ಲುಯೆಂಜಾ ಬಂದಾಗ ಉಡುಪಿ, ಕಾರ್ಕಳಗಳು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಸಾವಿನ ಲೆಕ್ಕ ಹಳ್ಳಿಯ ದಾಖಲೆಯಿಂದ ಮೇಲಕ್ಕೆ ಹೋಗುತ್ತಿತ್ತು. ಹೆಚ್ಚಿನ ಸಾವುಗಳಿಗೆ ಕಾರಣವೆಂದು ಬರೆಯುತ್ತಿದ್ದುದು 'ಜ್ವರ' ಎಂದಷ್ಟೇ. ಹಿಂದಿನ ವರ್ಷಗಳಿಗಿಂತ ಆ ವರ್ಷ ಎಷ್ಟು ಹೆಚ್ಚು ಮಂದಿ ಸತ್ತರು ಎಂದು ಕಳೆದು ನೋಡಿಯೇ ಪಿಡುಗಿನ ಗಾತ್ರವನ್ನು ಅಂದಾಜು ಮಾಡಬೇಕಾಯಿತು. ಹಾಗೆ ನೋಡಿದಾಗ ದೇಶದಲ್ಲಿ 1.2 ಕೋಟಿಗೂ ಹೆಚ್ಚು ಜನ ಬಲಿಯಾಗಿದ್ದರು. 20ರಿಂದ 40ರ ಒಳಗಿನ ಗಟ್ಟಿಮುಟ್ಟಾದ ಪ್ರಾಯದವರೇ ಅಸಹಜ ಪ್ರಮಾಣದಲ್ಲಿ ಸತ್ತಿದ್ದು ಬೆರಗು ಹುಟ್ಟಿಸಿತು. ದುರ್ಬಲರು ಯಾರೆಂದು ಮೊದಲೇ ಊಹಿಸಿ ಕೂರುವಂತಿಲ್ಲ, ಪ್ರತಿ ಪಿಡುಗಿನಲ್ಲೂ ಹೊಸದಾಗಿ ಕಂಡುಕೊಳ್ಳಬೇಕು ಎಂಬ ಪಾಠ ಅಲ್ಲಿತ್ತು. ಆದರೆ ಅದು ಗೊತ್ತಾಗುವ ಹೊತ್ತಿಗೆ ಪಿಡುಗೇ ಮುಗಿದಿತ್ತು.

2009ರ ಎಚ್1ಎನ್1 ಹೊತ್ತಿಗೆ ಲೆಕ್ಕ ಚುರುಕಾಗಿತ್ತು. ಗರ್ಭಿಣಿಯರಿಗೆ ಅಪಾಯ ಹೆಚ್ಚೆಂದು ಕೆಲವೇ ತಿಂಗಳಲ್ಲಿ ತಿಳಿದುಬಂತು. ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಗರ್ಭಿಣಿಯರು, ಪುಟ್ಟ ಮಕ್ಕಳು, 65 ದಾಟಿದವರು, ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇದ್ದವರೆಲ್ಲ ಬಿ ವರ್ಗದ ಎರಡನೇ ಗುಂಪಿಗೆ ಸೇರಿದರು. ಸೌಮ್ಯ ಲಕ್ಷಣ ಕಂಡರೂ ಇವರಿಗೆ ಔಷಧಿ ಶುರುಮಾಡಬೇಕು ಎಂಬುದು ಆ ವಿಂಗಡಣೆಯ ಸಾರ. ಇಷ್ಟಾದರೂ ಇದು ಆಸ್ಪತ್ರೆಯ ಬಾಗಿಲಿಗೆ ಬಂದವರ ವಿಂಗಡಣೆ. ಮನೆಯಲ್ಲಿ ಕೂತಿದ್ದ ದುರ್ಬಲರ ಪಟ್ಟಿ ಯಾರ ಬಳಿಯೂ ಇರಲಿಲ್ಲ.

ಪಟ್ಟಿ ತಯಾರಾದ ಬಗೆ

ಆ ಪಟ್ಟಿಗೆ ಬೇಕಾದ ಸಾಮಗ್ರಿ ಬೇರೆ ಬೇರೆ ಉದ್ದೇಶಗಳಿಗಾಗಿ ಕೂಡುತ್ತಾ ಬಂತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರು ಬಂದರು. ಗರ್ಭಿಣಿ, ಬಾಣಂತಿ, ಹಸುಗೂಸುಗಳ ಹೆಸರು ಅವರ ಪುಸ್ತಕದಲ್ಲಿ ಸೇರಿತು. 2010ರಲ್ಲಿ ಸಾಂಕ್ರಾಮಿಕವಲ್ಲದ ಕಾಯಿಲೆಗಳ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಮುಂದೆ 30 ದಾಟಿದ ಎಲ್ಲರ ಬಿಪಿ, ಶುಗರ್ ತಪಾಸಣೆಯೂ ಆಶಾ ಮತ್ತು ಕಿರಿಯ ಆರೋಗ್ಯ ಸಹಾಯಕಿಯರ ಕೆಲಸಕ್ಕೆ ಸೇರಿತು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸುತ್ತಲಿನ ಹಳ್ಳಿಗಳಲ್ಲಿ ತಾಯಿ-ಮಕ್ಕಳ ಆರೈಕೆ ಕೇಂದ್ರಗಳನ್ನು ನಡೆಸುತ್ತಾ ಬಂದದ್ದರಿಂದ ಮನೆ ಮನೆಗೆ ಹೋಗಿ ಆರೋಗ್ಯ ವಿಚಾರಿಸುವ ರೂಢಿ ಈ ಭಾಗದ ಜನರಿಗೆ ಹೊಸದಾಗಿರಲಿಲ್ಲ.

ಕೊರೊನಾ ಬರುವ ತುಸು ಮುಂಚೆ, 2019ರ ದ್ವಿತೀಯಾರ್ಧದಲ್ಲಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಕರ್ನಾಟಕದಲ್ಲಿ ನಡೆಯಿತು. 15 ವರ್ಷ ಮೇಲ್ಪಟ್ಟವರಲ್ಲಿ ಸರಿಸುಮಾರು ನಾಲ್ವರಿಗೊಬ್ಬರಲ್ಲಿ ರಕ್ತದೊತ್ತಡ, ಏಳು ಮಂದಿಗೊಬ್ಬರಲ್ಲಿ ಸಕ್ಕರೆ ಅಂಶ ಹೆಚ್ಚಿರುವುದನ್ನು ಅದು ತೋರಿಸಿತು. ಹಾಗಾದರೆ ಕಾಯಬೇಕಾದವರು ಊರಿನ ಒಂದು ಮೂಲೆಯ ಕೆಲವರಲ್ಲ. ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಒಬ್ಬರಿದ್ದರು.

ದೇಶದ ಮೊದಲ ಕೊರೊನಾ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ತೀರಿಕೊಂಡವರಿಗೆ 76 ವರ್ಷ. ಮೇ 1ರ ಕೇಂದ್ರ ಗೃಹ ಸಚಿವಾಲಯದ ಆದೇಶ 65 ದಾಟಿದವರು, ಬೇರೆ ಕಾಯಿಲೆ ಇರುವವರು, ಗರ್ಭಿಣಿಯರು, 10ರೊಳಗಿನ ಮಕ್ಕಳು ಮನೆಯಲ್ಲೇ ಇರಬೇಕೆಂದಿತು. ಅದೇ ತಿಂಗಳು ಕರ್ನಾಟಕ ಮನೆ ಮನೆ ಸಮೀಕ್ಷೆಗೆ ಇಳಿಯಿತು. ಚುನಾವಣೆಗೆ ದುಡಿಯುವ ಮತಗಟ್ಟೆ ಅಧಿಕಾರಿಗಳು ಆ್ಯಪ್ ಹಿಡಿದು ಹೊರಟರು. ರಾಜ್ಯದ 168 ಲಕ್ಷ ಕುಟುಂಬಗಳಲ್ಲಿ 153 ಲಕ್ಷ ಕುಟುಂಬಗಳನ್ನು ತಲುಪಿದರು. ಗರ್ಭಿಣಿಯರು, ಕ್ಷಯ, ಎಚ್‌ಐವಿ, ಡಯಾಲಿಸಿಸ್, ಕ್ಯಾನ್ಸರ್ ರೋಗಿಗಳ ಹಳೆಯ ಮಾಹಿತಿಯನ್ನೂ ಇದಕ್ಕೆ ಜೋಡಿಸಲಾಯಿತು. ಅಪಾಯದಲ್ಲಿರುವ ಮನೆಗಳಿಗೆ ಕರೆ ಹೋಗುತ್ತಿತ್ತು, 14410 ಸಂಖ್ಯೆಯ ಆಪ್ತಮಿತ್ರ ಸಹಾಯವಾಣಿ ವೈದ್ಯರ ಸಲಹೆ ಕೊಡುತ್ತಿತ್ತು, ಜ್ವರ ಕಂಡವರ ಮನೆಗೆ ಆಶಾ ಹೋಗುತ್ತಿದ್ದರು. ಕೇಂದ್ರ ಸರ್ಕಾರ ಇದನ್ನು ಇತರ ರಾಜ್ಯಗಳಿಗೂ ಮಾದರಿ ಎಂದಿತು. ಈ ಕೆಲಸದ ಭಾರ ಹೊತ್ತ ಆಶಾಗಳು ಜುಲೈಯಲ್ಲಿ 12,000 ರೂಪಾಯಿ ಮಾಸಿಕ ಗೌರವಧನ ಮತ್ತು ಸುರಕ್ಷಾ ಸಾಮಗ್ರಿಗಾಗಿ ಮುಷ್ಕರ ಹೂಡಬೇಕಾಯಿತು ಎನ್ನುವುದೂ ಈ ದತ್ತಾಂಶದ ಚರಿತ್ರೆಗೆ ಸೇರಿದ್ದೇ.

ಬ್ರಿಟನ್ ಹಿಡಿದದ್ದು ಬೇರೆ ದಾರಿ. ಅಲ್ಲಿ ಕುಟುಂಬ ವೈದ್ಯರ ಕಂಪ್ಯೂಟರಿನಲ್ಲಿ ಎಲ್ಲರ ಆರೋಗ್ಯ ದಾಖಲೆ ಇತ್ತು. ಮಾರ್ಚ್ 22ಕ್ಕೇ 15 ಲಕ್ಷ ಜನರನ್ನು ಅತಿ ದುರ್ಬಲರೆಂದು ಹೆಸರಿಸಿ, ಹೊರಗೆ ಕಾಲಿಡಬೇಡಿ ಎಂದು ಪತ್ರ ಬರೆಯುವುದಾಗಿ ಸರ್ಕಾರ ಸಾರಿತು. ಇದೇ ಶೀಲ್ಡಿಂಗ್. ಜುಲೈ ಹೊತ್ತಿಗೆ ಓಪನ್‌ಸೇಫ್ಲಿ ಎಂಬ ಅಧ್ಯಯನ 1.7 ಕೋಟಿ ಜನರ ದಾಖಲೆ ಜಾಲಾಡಿ, ಐವತ್ತರ ಆಸುಪಾಸಿನವರಿಗಿಂತ 80 ದಾಟಿದವರಿಗೆ ಸಾವಿನ ಅಪಾಯ 20 ಪಟ್ಟಿಗೂ ಮಿಗಿಲೆಂದು ತೋರಿಸಿತು. 2021ರ ಫೆಬ್ರವರಿಯಲ್ಲಿ ವಯಸ್ಸು, ತೂಕ, ಜನಾಂಗ, ವಾಸಸ್ಥಳಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕುವ ಕ್ಯೂಕೋವಿಡ್ ಸೂತ್ರ ಇಂಗ್ಲೆಂಡಿನ ಪಟ್ಟಿಗೆ ಇನ್ನೂ 17 ಲಕ್ಷ ಜನರನ್ನು ಸೇರಿಸಿತು.

ಕಾಪುವಿನ ಮನೆ, ಕಾರ್ಕಳದ ಮನೆ

ಪಟ್ಟಿಯಲ್ಲಿರುವುದು ಒಬ್ಬ ವ್ಯಕ್ತಿಯ ಹೆಸರು. ಆ ವ್ಯಕ್ತಿ ಬದುಕುವುದು ಒಂದು ಮನೆಯಲ್ಲಿ. ಭಾರತದ ವೃದ್ಧಾಪ್ಯ ಕುರಿತ ದೀರ್ಘಾವಧಿ ಅಧ್ಯಯನದ 2017-18ರ ಸುತ್ತಿನ ಪ್ರಕಾರ 60 ದಾಟಿದವರಲ್ಲಿ ಒಬ್ಬಂಟಿಯಾಗಿ ಇರುವವರು ಸುಮಾರು 6% ಮಾತ್ರ. ಉಳಿದವರಲ್ಲಿ ಬಹುಪಾಲು ಮಂದಿಯ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಅಥವಾ ಸಂಗಾತಿ ಇರುತ್ತಾರೆ. ಅಜ್ಜಿ ಹೊರಗೆ ಹೋಗದಿದ್ದರೂ ಮೀನು ತರಲು ಹೋದವರು, ಡಿಪೋಗೆ ಬೀಡಿ ಕೊಟ್ಟು ಬಂದವರು ಅದೇ ಬಾಗಿಲಲ್ಲಿ ಒಳಗೆ ಬರುತ್ತಾರೆ.

ಉಡುಪಿ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಆಯಾಮವಿದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 11.77 ಲಕ್ಷ, ಸಾವಿರ ಗಂಡಸರಿಗೆ 1,094 ಹೆಂಗಸರು. ಮುಂಬಯಿಯ ಹೋಟೆಲುಗಳಿಗೂ ಕೊಲ್ಲಿ ದೇಶಗಳಿಗೂ ದುಡಿಯಲು ಹೋದ ಗಂಡಸರ ಗೈರುಹಾಜರಿ ಆ ಅಂಕಿಯಲ್ಲಿದೆ. ವೃದ್ಧರ ಪ್ರಮಾಣವೂ ಇಲ್ಲಿ ರಾಜ್ಯದ ಸರಾಸರಿಗಿಂತ ಹೆಚ್ಚು. ಊರಲ್ಲಿ ವಯಸ್ಸಾದ ತಂದೆ ತಾಯಿ, ಪರವೂರಲ್ಲಿ ಮಕ್ಕಳು ಎನ್ನುವ ಈ ಏರ್ಪಾಡು ಲಾಕ್‌ಡೌನ್‌ನಲ್ಲಿ ಒಮ್ಮೆಲೇ ಬುಡಮೇಲಾಯಿತು. ಸಾವಿರಾರು ಮಂದಿ ಮೇ ತಿಂಗಳಲ್ಲಿ ಮರಳಿದರು.

ಕರಾವಳಿಯ ಕಾಪು, ಮಲ್ಪೆಗಳ ಕಡಲ ಬದಿಯಲ್ಲಿ ಮನೆಗಳು ಒತ್ತೊತ್ತಾಗಿವೆ. ಕಾರ್ಕಳದಿಂದ ಘಟ್ಟದ ಬುಡದತ್ತ ಹೋದಂತೆ ತೋಟದ ನಡುವೆ ಒಂಟಿ ಮನೆಗಳು. ನೆರೆಮನೆ ಕೂಗಳತೆಯ ಆಚೆ. ಎರಡನೆಯ ಬಗೆಯ ಮನೆಯಲ್ಲಿ ಊರಿನಿಂದ ದೂರ ಇರುವುದು ಸುಲಭ, ಆದರೆ ಮನೆಯೊಳಗೇ ದೂರ ಇರುವುದು ಎರಡೂ ಕಡೆ ಕಷ್ಟವೇ. ಬಂದವರನ್ನು ನೇರ ಮನೆಗೆ ಬಿಡದೆ ಸಾಂಸ್ಥಿಕ ಕ್ವಾರಂಟೈನ್‌ಗೆ ಒಳಪಡಿಸಿ ಗಂಟಲು ದ್ರವ ಪರೀಕ್ಷಿಸುವ ಕ್ರಮ ಹಿರಿಯರ ಪಟ್ಟಿ ಮಾಡದೆಯೇ ಹಿರಿಯರನ್ನು ಕಾಯುವ ಉಪಾಯವಾಯಿತು. ಬ್ರಿಟನ್ ದುರ್ಬಲರನ್ನು ಒಳಗೆ ಕೂರಿಸಿದರೆ ಉಡುಪಿ ಸೋಂಕು ತರಬಹುದಾದವರನ್ನು ಹೊರಗೆ ತಡೆಯಿತು. ಕ್ವಾರಂಟೈನ್ 14 ದಿನದಿಂದ 7ಕ್ಕೆ ಇಳಿದು ಉಳಿದ 7 ದಿನ ಮನೆಯಲ್ಲೇ ಎಂದಾದಾಗ ಈ ತಡೆ ಸಡಿಲಾಯಿತು.

ಏಪ್ರಿಲ್‌ನಲ್ಲೇ ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಕೋವಿಡ್‌ಗೆಂದೇ ಮೀಸಲಿಟ್ಟದ್ದು ಇದೇ ತರ್ಕದ ಮತ್ತೊಂದು ರೂಪ. ಅಲ್ಲಿ ಕೋವಿಡ್, ಮಣಿಪಾಲದ ದೊಡ್ಡಾಸ್ಪತ್ರೆಯಲ್ಲಿ ಉಳಿದ ಕಾಯಿಲೆ ಎಂದು ಬೇರ್ಪಡಿಸಿದ್ದರಿಂದ ಕ್ಯಾನ್ಸರ್, ಡಯಾಲಿಸಿಸ್ ರೋಗಿಗಳು ಸೋಂಕಿತರ ಜತೆ ಒಂದೇ ಸಾಲಿನಲ್ಲಿ ನಿಲ್ಲುವುದು ತಪ್ಪಿತು. 2021ರ ಮಾರ್ಚ್‌ನಲ್ಲಿ ಮಣಿಪಾಲದ ಎಂಐಟಿ ಎಂಜಿನಿಯರಿಂಗ್ ಕಾಲೇಜಿನ ಆವರಣವೇ ಕಂಟೈನ್‌ಮೆಂಟ್ ವಲಯವಾಯಿತು. ಸೋಂಕು ತಗಲಿದ್ದು ಹೆಚ್ಚಾಗಿ ವಿದ್ಯಾರ್ಥಿಗಳಿಗೆ. ಅಲ್ಲಿ ಅಡುಗೆ, ಶುಚಿ ಕೆಲಸಕ್ಕೆ ಸುತ್ತಲಿನ ಊರುಗಳಿಂದ ಬಂದು ಹೋಗುವವರ ಮನೆಗಳ ದೃಷ್ಟಿಯಿಂದ ನೋಡಿದರೆ ಆವರಣ ಮುಚ್ಚಿದ್ದೂ ಹಿರಿಯರ ರಕ್ಷಣೆಯೇ.

ಫಲಿಸಿತೇ ಎಂಬ ಪ್ರಶ್ನೆ

2020ರ ಅಕ್ಟೋಬರ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಹೇಳಿಕೆ ಹೊರಬಿತ್ತು. ದುರ್ಬಲರನ್ನಷ್ಟೇ ಕಾದು ಉಳಿದವರನ್ನು ಓಡಾಡಲು ಬಿಡಿ ಎನ್ನುವುದು ಅದರ ವಾದ. ಬೇರ್ಪಡಿಸಿ ಕಾಯುವುದು ಸಾಧ್ಯವೇ ಇಲ್ಲ ಎಂದು ಜಾನ್ ಸ್ನೋ ಹೆಸರಿನ ಪ್ರತಿಹೇಳಿಕೆ ಬಂತು. ಎರಡೂ ಕಡೆ ಬಿರುಸಿನ ಮಾತಿತ್ತು, ಪುರಾವೆ ಮಾತ್ರ ತೆಳು.

ಪುರಾವೆ ನಿಧಾನಕ್ಕೆ ಬಂತು. ಸುಮಾರು 13 ಲಕ್ಷ ಜನರ ದಾಖಲೆ ನೋಡಿದ ಗ್ಲ್ಯಾಸ್ಗೋ ಅಧ್ಯಯನದಲ್ಲಿ ಶೀಲ್ಡಿಂಗ್ ಪಟ್ಟಿಯವರಿಗೆ ಸೋಂಕು ದೃಢಪಟ್ಟ ಸಂಭವ ಕಡಿಮೆ ಅಪಾಯದವರಿಗಿಂತ 8 ಪಟ್ಟು, ಸೋಂಕು ದೃಢಪಟ್ಟ ಮೇಲೆ ಸಾಯುವ ಸಂಭವ 5 ಪಟ್ಟು ಹೆಚ್ಚಿತ್ತು. ವೇಲ್ಸ್‌ನ 2023ರ ಅಧ್ಯಯನದಲ್ಲಿ ಪಟ್ಟಿಯವರಲ್ಲಿ 5.9%, ಉಳಿದವರಲ್ಲಿ 5.7% ಮಂದಿಗೆ ಸೋಂಕು ದೃಢಪಟ್ಟಿತ್ತು. ಇದನ್ನು ನೋಡಿ ಶೀಲ್ಡಿಂಗ್ ಸೋತಿತು ಎಂದುಬಿಡುವುದು ಸುಲಭ. ಆದರೆ ಈ ಜನ ಮೊದಲೇ ರೋಗಿಗಳು, ಆಸ್ಪತ್ರೆಗೆ ಹೋಗಿಬರುವವರು, ಹೆಚ್ಚು ಪರೀಕ್ಷೆಗೆ ಒಳಗಾದವರು. ಪತ್ರ ಕಳಿಸದೇ ಇದ್ದಿದ್ದರೆ ಇವರಿಗೇ ಏನಾಗುತ್ತಿತ್ತು ಎಂದು ಹೇಳಬಲ್ಲ ಹೋಲಿಕೆಯ ಗುಂಪು ಎಲ್ಲೂ ಇರಲಿಲ್ಲ.

ನಮ್ಮ ನೆರೆಯ ತಮಿಳುನಾಡು, ಆಂಧ್ರಗಳಿಂದ ಬಂದ ಅಧ್ಯಯನ ಇನ್ನೊಂದು ಬದಿಯನ್ನು ತೋರಿಸುತ್ತದೆ. 84,965 ಸೋಂಕಿತರ 5,75,071 ಸಂಪರ್ಕಿತರನ್ನು ಬೆನ್ನಟ್ಟಿದ ಅದು 2020ರಲ್ಲೇ ಪ್ರಕಟವಾಯಿತು. ಸೋಂಕು ಹರಡುವ ಸಂಭವ ಸಮುದಾಯದಲ್ಲಿ 2.6%, ಒಂದೇ ಮನೆಯವರ ನಡುವೆ 9%. ಶ್ರೀಮಂತ ದೇಶಗಳಂತೆ ಇಲ್ಲಿ ಸಾವು ತೀರಾ ವೃದ್ಧರಲ್ಲಿ ಮಡುಗಟ್ಟಿರಲಿಲ್ಲ. 50ರಿಂದ 64ರವರಲ್ಲಿ ಹೆಚ್ಚಿತ್ತು. ಹಿರಿಯರು ಮನೆಯಲ್ಲೇ ಉಳಿದದ್ದು, ಪಡಿತರ ಮನೆಬಾಗಿಲಿಗೆ ತಲುಪಿದ್ದು, ಆರೋಗ್ಯ ಕಾರ್ಯಕರ್ತೆಯರ ಭೇಟಿ ಇವೂ ಕಾರಣವಿರಬಹುದು ಎಂದು ಸಂಶೋಧಕರು ಊಹಿಸಿದರು. ಊಹೆಗಿಂತ ಮುಂದೆ ಹೋಗಲು ದತ್ತಾಂಶ ಬಿಡಲಿಲ್ಲ.

ಕರ್ನಾಟಕದ 2020ರ ಸೆಪ್ಟೆಂಬರ್ ಸಮೀಕ್ಷೆ ಈ ದಿಕ್ಕಿನಲ್ಲಿ ಒಂದು ಒಳ್ಳೆಯ ಹೆಜ್ಜೆ. ಎಲ್ಲ ಜಿಲ್ಲೆಗಳಲ್ಲೂ ಗರ್ಭಿಣಿಯರು, ಬಸ್ ಕಂಡಕ್ಟರರು, ತರಕಾರಿ ಮಾರುವವರು, ಪೌರಕಾರ್ಮಿಕರ ಜತೆಗೆ ಹಿರಿಯರನ್ನೂ ಬೇರೆ ಕಾಯಿಲೆ ಇರುವವರನ್ನೂ ಪ್ರತ್ಯೇಕ ಗುಂಪಾಗಿ ಇಟ್ಟು ರಕ್ತ ಮತ್ತು ಗಂಟಲು ದ್ರವ ಪರೀಕ್ಷಿಸಲಾಯಿತು. ಒಟ್ಟು 27.3% ಮಂದಿಗೆ ಆಗಲೇ ಸೋಂಕು ತಗಲಿತ್ತು ಅಥವಾ ಹಿಂದೆ ತಗಲಿ ಹೋಗಿತ್ತು. ಆಸ್ಪತ್ರೆಯ ಅಂಕಿ ಅಂಶ ಹೇಳುವುದು ಕಾಯಿಲೆ ಬಿದ್ದವರ ಕಥೆ. ಸೋಂಕಿನಿಂದ ತಪ್ಪಿಸಿಕೊಂಡವರು ಎಷ್ಟು ಎಂದು ತಿಳಿಯಲು ಇಂಥ ಸಮೀಕ್ಷೆಯೇ ಬೇಕು.

ಲಸಿಕೆ, ಮತ್ತು ಲೆಕ್ಕಕ್ಕೆ ಸಿಗದ ನಷ್ಟ

2021ರ ಮಾರ್ಚ್ 1ರಿಂದ 60 ದಾಟಿದವರಿಗೂ, 45 ದಾಟಿ ಬೇರೆ ಕಾಯಿಲೆ ಇರುವವರಿಗೂ ಲಸಿಕೆ ಶುರುವಾಯಿತು. ಒಂಟಿಯಾಗಿ ಕೂರಿಸುವ ಪಟ್ಟಿ ಈಗ ಸೂಜಿಮದ್ದಿಗೆ ಮೊದಲು ಕರೆಯುವ ಪಟ್ಟಿಯಾಯಿತು. ಎರಡನೇ ಅಲೆ ಬಂದಾಗ ಅನೇಕ ಹಿರಿಯರಿಗೆ ಎರಡನೇ ಡೋಸ್ ಬಾಕಿ ಇತ್ತು.

ಕಾಯುವ ಹೆಸರಲ್ಲಿ ಆದ ಹಾನಿಯ ಲೆಕ್ಕ ಇನ್ನೂ ಚದುರಿದೆ. ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಸಿಲುಕಿದರು, ಜೀವ ಕಳೆದುಕೊಂಡವರೂ ಇದ್ದರು. ದೇಶದಲ್ಲಿ ದಾಖಲಾದ ಕ್ಷಯರೋಗಿಗಳ ಸಂಖ್ಯೆ 2019ರ 24.04 ಲಕ್ಷದಿಂದ 2020ರಲ್ಲಿ 18.05 ಲಕ್ಷಕ್ಕೆ ಕುಸಿಯಿತು. ಕ್ಷಯ ಕಡಿಮೆಯಾದದ್ದಲ್ಲ, ಪತ್ತೆ ಕಡಿಮೆಯಾದದ್ದು. 2022ರ ಮೇಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹೆಚ್ಚುವರಿ ಸಾವುಗಳನ್ನು 47 ಲಕ್ಷವೆಂದು ಅಂದಾಜಿಸಿದಾಗ ಸರ್ಕಾರ ಒಪ್ಪಲಿಲ್ಲ. ಈ ತಕರಾರಿನಲ್ಲೂ ಕೊನೆಗೆ ಕೈಗೆತ್ತಿಕೊಂಡದ್ದು 1918ರ ಉಪಾಯವನ್ನೇ: ಹಿಂದಿನ ವರ್ಷಗಳ ಸಾವನ್ನು ಕಳೆದು ಉಳಿದದ್ದನ್ನು ನೋಡುವುದು.

ಮುಂದಿನ ಪಿಡುಗಿಗೆ ಪಟ್ಟಿ ಮಾಡುವುದು ದೊಡ್ಡ ಕೆಲಸವೇನಲ್ಲ. ಬಿಪಿ, ಶುಗರ್ ತಪಾಸಣೆಯ ದಾಖಲೆ ನೆಟ್ಟಗಿದ್ದರೆ ಸಾಕು. ಅದರ ಪಕ್ಕದಲ್ಲಿ ಇನ್ನೆರಡು ವಿಷಯ ಬರೆದಿಡಬೇಕು: ಆ ಮನೆಯಲ್ಲಿ ಎಷ್ಟು ಕೋಣೆ, ದಿನಾ ಹೊರಗೆ ಹೋಗಿ ಬರುವವರು ಎಷ್ಟು ಮಂದಿ. ಜತೆಗೆ ಪಿಡುಗಿನ ಮೊದಲ ತಿಂಗಳಲ್ಲೇ ಕೆಲವು ಗ್ರಾಮ ಪಂಚಾಯಿತಿಗಳನ್ನು ಆರಿಸಿ, ಒಂದೆಡೆ ಸಾಂಸ್ಥಿಕ ಕ್ವಾರಂಟೈನ್, ಇನ್ನೊಂದೆಡೆ ಮನೆ ಕ್ವಾರಂಟೈನ್ ಎಂದು ಗೊತ್ತುಮಾಡಿ, ಎರಡೂ ಕಡೆಯ ಹಿರಿಯರ ರಕ್ತ ಪರೀಕ್ಷೆಯನ್ನು ಹೋಲಿಸಬೇಕು. ಮಣಿಪಾಲದಂಥ ವೈದ್ಯಕೀಯ ಕೇಂದ್ರ, ಮನೆ ಮನೆ ಬಲ್ಲ ಆಶಾ ಕಾರ್ಯಕರ್ತೆಯರು, ಕಡಲಿಂದ ಘಟ್ಟದವರೆಗೆ ಬಗೆಬಗೆಯ ಊರುಗಳು ಇರುವ ಈ ಜಿಲ್ಲೆಯಲ್ಲಿ ಅದನ್ನು ಮಾಡಬಹುದು. ಹಾಗೆ ಮಾಡಿದ್ದಿದ್ದರೆ 2020ರ ಜೂನ್‌ನ ಅಂಕಿಗಳಿಗೆ ಇಂದು ಒಂದೇ ಓದು ಉಳಿದಿರುತ್ತಿತ್ತು.