ರಕ್ತದ ಗುಂಪು: ಯಾರು, ಏಕೆ ತಿಳಿದಿರಬೇಕು?
(ಸಾರ್ವಜನಿಕರ ಮಾಹಿತಿಗಾಗಿ)

ಶಾಲೆಯ ಗುರುತಿನ ಚೀಟಿ, ವಾಹನ ಚಾಲನಾ ಪರವಾನಗಿಯ ಅರ್ಜಿ, ಕಾರ್ಖಾನೆಯ ನೌಕರರ ಕಾರ್ಡ್ ಮುಂತಾದ ದಾಖಲೆಗಳಲ್ಲಿ ‘ರಕ್ತದ ಗುಂಪು’ ಎಂಬ ಅಂಕಣವಿರುತ್ತದೆ. ಪರೀಕ್ಷೆ ಮಾಡಿಸಿಕೊಳ್ಳದೆ, ತಂದೆಯ ಅಥವಾ ತಾಯಿಯ ಗುಂಪೇ ತಮ್ಮದೆಂದು ಭಾವಿಸಿ ಈ ಅಂಕಣವನ್ನು ಭರ್ತಿ ಮಾಡುವವರಿದ್ದಾರೆ. ತಮ್ಮ ಗುಂಪು ತಿಳಿಯದಿದ್ದಲ್ಲಿ ಅಪಘಾತದ ಸಮಯದಲ್ಲಿ ಚಿಕಿತ್ಸೆ ದೊರೆಯಲಾರದೆಂದು ಆತಂಕಪಡುವವರೂ ಇದ್ದಾರೆ. ರೋಗಿಗೆ ರಕ್ತ ನೀಡುವಾಗ ಯಾವ ಆಸ್ಪತ್ರೆಯೂ ರೋಗಿಯ ಹೇಳಿಕೆಯನ್ನಾಗಲೀ ಕಾರ್ಡನ್ನಾಗಲೀ ಅವಲಂಬಿಸುವುದಿಲ್ಲ. ಗುಂಪನ್ನು ಹೊಸದಾಗಿ ಪರೀಕ್ಷಿಸಿಯೇ ತೀರುತ್ತದೆ. ಆದಾಗ್ಯೂ ಗರ್ಭಿಣಿಯರು, ರಕ್ತದಾನಿಗಳು ಹಾಗೂ ವಿರಳ ಗುಂಪಿನವರ ವಿಷಯದಲ್ಲಿ ಈ ಮಾಹಿತಿಯು ಮುಂಚಿತವಾಗಿ ತಿಳಿದಿರುವುದು ಜೀವರಕ್ಷಕವಾಗುತ್ತದೆ. ವಿವರಗಳು ಈ ಕೆಳಕಂಡಂತಿವೆ.

1. ರಕ್ತದ ಗುಂಪು ಎಂದರೇನು?

ಕೆಂಪು ರಕ್ತಕಣಗಳ ಹೊರಪದರದ ಮೇಲೆ ಪ್ರತಿಜನಕಗಳೆಂಬ ವಸ್ತುಗಳಿರುತ್ತವೆ. ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ, ತನ್ನಲ್ಲಿಲ್ಲದ ಪ್ರತಿಜನಕವನ್ನು ಎದುರಿಸುವ ಪ್ರತಿಕಾಯಗಳಿರುತ್ತವೆ. ಇವುಗಳ ಆಧಾರದ ಮೇಲೆ ರಕ್ತವನ್ನು ವಿಂಗಡಿಸಲಾಗುತ್ತದೆ. ವಿಯೆನ್ನಾ ನಗರದ ವೈದ್ಯ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು 1901ರಲ್ಲಿ ಮೊದಲ ಮೂರು ಗುಂಪುಗಳನ್ನು ಗುರುತಿಸಿದರು. ನಾಲ್ಕನೆಯದಾದ ಎಬಿ ಗುಂಪು 1902ರಲ್ಲಿ ಪತ್ತೆಯಾಯಿತು. ಲ್ಯಾಂಡ್‌ಸ್ಟೈನರ್ ಅವರಿಗೆ 1930ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅವರ ಜನ್ಮದಿನವಾದ ಜೂನ್ 14ನ್ನು ವಿಶ್ವ ರಕ್ತದಾನಿಗಳ ದಿನವನ್ನಾಗಿ ಆಚರಿಸಲಾಗುತ್ತಿದೆ.

ಕೆಂಪು ರಕ್ತಕಣಗಳನ್ನು ಪಡೆಯುವಲ್ಲಿ ಅನ್ವಯಿಸುವ ಸಾಮಾನ್ಯ ನಿಯಮ:

- ಎ ಗುಂಪಿನವರು: ಎ ಮತ್ತು ಓ ಗುಂಪಿನಿಂದ
- ಬಿ ಗುಂಪಿನವರು: ಬಿ ಮತ್ತು ಓ ಗುಂಪಿನಿಂದ
- ಎಬಿ ಗುಂಪಿನವರು: ಎಲ್ಲ ನಾಲ್ಕು ಗುಂಪುಗಳಿಂದ
- ಓ ಗುಂಪಿನವರು: ಓ ಗುಂಪಿನಿಂದ ಮಾತ್ರ

ಇದಲ್ಲದೆ ಆರ್.ಎಚ್. ಅಂಶವೆಂಬ ಮತ್ತೊಂದು ವಿಂಗಡಣೆಯಿದೆ. ಕಣಗಳ ಮೇಲೆ ‘ಡಿ’ ಪ್ರತಿಜನಕವಿದ್ದಲ್ಲಿ ಪಾಸಿಟಿವ್ ಎಂದೂ, ಇಲ್ಲದಿದ್ದಲ್ಲಿ ನೆಗೆಟಿವ್ ಎಂದೂ ಕರೆಯಲಾಗುತ್ತದೆ. ಭಾರತೀಯರಲ್ಲಿ ಸುಮಾರು ಶೇ. 5ರಷ್ಟು ಮಂದಿ ಮಾತ್ರ ಆರ್.ಎಚ್. ನೆಗೆಟಿವ್ ಆಗಿದ್ದು, ಯುರೋಪಿನ ಜನರಲ್ಲಿ ಈ ಪ್ರಮಾಣ ಸುಮಾರು ಶೇ. 15ರಷ್ಟಿದೆ.

2. ಆಸ್ಪತ್ರೆಯಲ್ಲಿ ಅನುಸರಿಸುವ ಕ್ರಮ

ಹೊಂದಿಕೆಯಾಗದ ರಕ್ತವನ್ನು ನೀಡಿದಲ್ಲಿ ರೋಗಿಯ ಪ್ರತಿಕಾಯಗಳು ಆ ಕಣಗಳನ್ನು ನಾಶಪಡಿಸುತ್ತವೆ. ಇದರಿಂದ ಮೂತ್ರಪಿಂಡಗಳು ವಿಫಲಗೊಂಡು ಮರಣವೂ ಸಂಭವಿಸಬಹುದು. ಆದ್ದರಿಂದ ರಕ್ತ ನೀಡುವ ಮುನ್ನ ಈ ಕೆಳಕಂಡ ಹಂತಗಳನ್ನು ಅನುಸರಿಸಲಾಗುತ್ತದೆ.

(ಅ) ರೋಗಿಯ ರಕ್ತದ ಮಾದರಿಯನ್ನು ಪಡೆದು, ಕಣಗಳ ಪರೀಕ್ಷೆ ಹಾಗೂ ಪ್ಲಾಸ್ಮಾದ ಪರೀಕ್ಷೆ ಎರಡನ್ನೂ ನಡೆಸಿ ಗುಂಪನ್ನು ನಿರ್ಧರಿಸುವುದು.
(ಆ) ದಾನಿಯ ಕಣಗಳನ್ನು ರೋಗಿಯ ಪ್ಲಾಸ್ಮಾದೊಂದಿಗೆ ಬೆರೆಸಿ ಹೊಂದಾಣಿಕೆಯನ್ನು ಪರೀಕ್ಷಿಸುವುದು. ಇದನ್ನು ಕ್ರಾಸ್ ಮ್ಯಾಚಿಂಗ್ ಎನ್ನಲಾಗುತ್ತದೆ.
(ಇ) ರಕ್ತದ ಚೀಲದ ಮೇಲಿನ ವಿವರಗಳನ್ನು ರೋಗಿಯ ಹೆಸರು ಮತ್ತು ದಾಖಲಾತಿ ಸಂಖ್ಯೆಯೊಂದಿಗೆ ಹಾಸಿಗೆಯ ಬಳಿಯಲ್ಲಿಯೇ ತಾಳೆ ನೋಡುವುದು.

ಗುಂಪಿನ ಪರೀಕ್ಷೆಗೆ ಕೆಲವೇ ನಿಮಿಷಗಳು ಸಾಕು. ಪೂರ್ಣ ಹೊಂದಾಣಿಕೆ ಪರೀಕ್ಷೆಗೆ ಸುಮಾರು 1 ಗಂಟೆ ಬೇಕಾಗಬಹುದು. ಅಷ್ಟು ಕಾಯಲಾಗದ ತುರ್ತು ಸಂದರ್ಭದಲ್ಲಿ ಓ ನೆಗೆಟಿವ್ ಕಣಗಳನ್ನು ನೀಡಿ ಚಿಕಿತ್ಸೆ ಆರಂಭಿಸಲು ಅವಕಾಶವಿದೆ. ಅದರ ಕೊರತೆಯಿದ್ದಲ್ಲಿ ಪುರುಷರಿಗೆ ಓ ಪಾಸಿಟಿವ್ ಕಣಗಳನ್ನು ನೀಡುವುದೂ ಉಂಟು. ಹೀಗಾಗಿ ಗುಂಪು ತಿಳಿಯದ ಕಾರಣಕ್ಕೆ ಗಾಯಾಳುವಿನ ಚಿಕಿತ್ಸೆ ನಿಲ್ಲುವುದಿಲ್ಲ.

ತಪ್ಪು ಗುಂಪಿನ ರಕ್ತ ನೀಡಿಕೆಯ ಪ್ರಕರಣಗಳಲ್ಲಿ ಹೆಚ್ಚಿನವು ಒಬ್ಬ ರೋಗಿಯ ಮಾದರಿ ಅಥವಾ ಚೀಲ ಮತ್ತೊಬ್ಬರದಾಗಿ ಅದಲುಬದಲಾಗುವುದರಿಂದ ಸಂಭವಿಸುತ್ತವೆ. ಆದುದರಿಂದ ಸಿಬ್ಬಂದಿಯು ಪದೇ ಪದೇ ಹೆಸರು ಕೇಳಿದಾಗ ರೋಗಿಗಳು ಹಾಗೂ ಅವರೊಂದಿಗಿರುವವರು ಬೇಸರಿಸದೆ ಪ್ರತಿ ಬಾರಿಯೂ ಪೂರ್ಣ ಹೆಸರನ್ನು ತಿಳಿಸತಕ್ಕದ್ದು.

3. ಗರ್ಭಿಣಿಯರು ಕಡ್ಡಾಯವಾಗಿ ತಿಳಿದಿರಬೇಕು

ರಕ್ತದ ಗುಂಪಿನ ಮಾಹಿತಿಯು ಅತ್ಯಂತ ಪ್ರಯೋಜನಕಾರಿಯಾಗುವುದು ಈ ಸಂದರ್ಭದಲ್ಲಿ. ತಾಯಿ ಆರ್.ಎಚ್. ನೆಗೆಟಿವ್ ಆಗಿದ್ದು, ತಂದೆ ಪಾಸಿಟಿವ್ ಆಗಿದ್ದಲ್ಲಿ ಮಗುವು ಪಾಸಿಟಿವ್ ಆಗಿರಬಹುದು. ಹೆರಿಗೆಯ ಸಮಯದಲ್ಲಿ ಮಗುವಿನ ರಕ್ತಕಣಗಳು ತಾಯಿಯ ರಕ್ತವನ್ನು ಸೇರಿ, ತಾಯಿಯ ದೇಹದಲ್ಲಿ ಅವುಗಳ ವಿರುದ್ಧ ಪ್ರತಿಕಾಯಗಳು ಉತ್ಪತ್ತಿಯಾಗಬಹುದು. ಮೊದಲನೆಯ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಆದರೆ ಮುಂದಿನ ಗರ್ಭದಲ್ಲಿ ಈ ಪ್ರತಿಕಾಯಗಳು ಮಾಸುವಿನ ಮೂಲಕ ಮಗುವನ್ನು ತಲುಪಿ ಅದರ ಕಣಗಳನ್ನು ನಾಶಪಡಿಸುತ್ತವೆ. ಮಗುವಿಗೆ ತೀವ್ರ ರಕ್ತಹೀನತೆ ಮತ್ತು ಕಾಮಾಲೆ ಉಂಟಾಗುತ್ತದೆ. ಗರ್ಭದಲ್ಲಿಯೇ ಮರಣ ಹೊಂದುವ ಸಂಭವವೂ ಇದೆ.

ಇದನ್ನು ‘ಆ್ಯಂಟಿ-ಡಿ’ ಚುಚ್ಚುಮದ್ದಿನಿಂದ ತಡೆಗಟ್ಟಬಹುದು. ಈ ಚುಚ್ಚುಮದ್ದು ಬಳಕೆಗೆ ಬಂದದ್ದು 1968ರಲ್ಲಿ. ಅದಕ್ಕೂ ಮೊದಲು, ಪಾಸಿಟಿವ್ ಮಗುವನ್ನು ಹೆತ್ತ ಇಂತಹ 100 ತಾಯಂದಿರಲ್ಲಿ ಸುಮಾರು 16 ಮಂದಿಯಲ್ಲಿ ಪ್ರತಿಕಾಯಗಳು ಉಂಟಾಗುತ್ತಿದ್ದವು. ಹೆರಿಗೆಯಾದ 72 ಗಂಟೆಗಳೊಳಗೆ ಚುಚ್ಚುಮದ್ದು ನೀಡಿದಲ್ಲಿ ಈ ಸಂಖ್ಯೆ 2ಕ್ಕಿಂತ ಕಡಿಮೆಯಾಗುತ್ತದೆ. ಗರ್ಭಧಾರಣೆಯ 28ನೇ ವಾರದ ಸುಮಾರಿಗೂ ನೀಡಿದಲ್ಲಿ ಮತ್ತಷ್ಟು ಇಳಿಯುತ್ತದೆ. ಒಮ್ಮೆ ಪ್ರತಿಕಾಯಗಳು ಉಂಟಾದ ನಂತರ ಈ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

(ಅ) ಗರ್ಭಿಣಿಯೆಂದು ತಿಳಿದ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಮೊದಲ ತಪಾಸಣೆಯಲ್ಲಿಯೇ ಗುಂಪನ್ನು ಪರೀಕ್ಷಿಸಿಕೊಂಡು ತಾಯಿ ಕಾರ್ಡಿನಲ್ಲಿ ನಮೂದಿಸಿಕೊಳ್ಳುವುದು.
(ಆ) ನೆಗೆಟಿವ್ ಎಂದು ಕಂಡುಬಂದಲ್ಲಿ ಪತಿಯ ರಕ್ತವನ್ನೂ ಪರೀಕ್ಷಿಸುವುದು. ತಾಯಿಯ ರಕ್ತದಲ್ಲಿ ಪ್ರತಿಕಾಯಗಳಿವೆಯೇ ಎಂಬುದನ್ನು ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆಯಿಂದ ತಿಳಿಯಬಹುದು.
(ಇ) ಗರ್ಭಪಾತ, ಗರ್ಭನಾಳದಲ್ಲಿ ಗರ್ಭ ನಿಲ್ಲುವುದು, ಹೊಟ್ಟೆಗೆ ಪೆಟ್ಟು ಬೀಳುವುದು, ಗರ್ಭಿಣಿಯಾಗಿರುವಾಗ ರಕ್ತಸ್ರಾವ ಮುಂತಾದ ಸಂದರ್ಭಗಳಲ್ಲಿ ತಾವು ನೆಗೆಟಿವ್ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸುವುದು. ಚುಚ್ಚುಮದ್ದಿನ ಅಗತ್ಯವನ್ನು ವೈದ್ಯರು ನಿರ್ಧರಿಸುತ್ತಾರೆ.
(ಈ) ಪ್ರತಿ ಗರ್ಭಕ್ಕೂ ಪ್ರತ್ಯೇಕವಾಗಿ ಈ ಕ್ರಮವನ್ನು ಅನುಸರಿಸುವುದು. ಹಿಂದಿನ ಹೆರಿಗೆಯಲ್ಲಿ ಪಡೆದ ಚುಚ್ಚುಮದ್ದು ಮುಂದಿನ ಹೆರಿಗೆಗೆ ರಕ್ಷಣೆ ನೀಡುವುದಿಲ್ಲ.

4. ಬಾಂಬೆ ರಕ್ತದ ಗುಂಪು

1952ರಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಹೋದ್ಯೋಗಿಗಳು ಮುಂಬಯಿಯಲ್ಲಿ ಈ ವಿರಳ ಗುಂಪನ್ನು ಗುರುತಿಸಿದರು. ಭಾರತದಲ್ಲಿ ಸುಮಾರು 10,000 ಮಂದಿಗೆ ಒಬ್ಬರಲ್ಲಿ ಇದು ಇರಬಹುದೆಂದು ಅಂದಾಜಿಸಲಾಗಿದೆ. ಎ ಮತ್ತು ಬಿ ಪ್ರತಿಜನಕಗಳಿಗೆ ಮೂಲವಾದ ‘ಎಚ್’ ಎಂಬ ವಸ್ತುವೇ ಇವರ ಕಣಗಳ ಮೇಲೆ ಇರುವುದಿಲ್ಲ.

ಕಣಗಳನ್ನು ಮಾತ್ರ ಪರೀಕ್ಷಿಸಿದಲ್ಲಿ ಇವರು ಓ ಗುಂಪಿನವರೆಂದೇ ಕಂಡುಬರುತ್ತಾರೆ. ಆದರೆ ಓ ಗುಂಪಿನ ರಕ್ತದಲ್ಲಿ ಎಚ್ ವಸ್ತುವು ಹೇರಳವಾಗಿರುವುದರಿಂದ ಅದನ್ನು ಇವರಿಗೆ ನೀಡುವುದು ಅಪಾಯಕಾರಿ. ಬಾಂಬೆ ಗುಂಪಿನವರ ರಕ್ತವನ್ನು ಮಾತ್ರವೇ ನೀಡಬಹುದು. ‘ಓ’ ಎಂದು ಬರೆದಿರುವ ಕಾರ್ಡನ್ನು ನಂಬಿ ರಕ್ತ ನೀಡದಿರಲು ಇದೂ ಒಂದು ಕಾರಣ. ಪ್ಲಾಸ್ಮಾದ ಪರೀಕ್ಷೆ ಹಾಗೂ ಕ್ರಾಸ್ ಮ್ಯಾಚಿಂಗ್‌ನಲ್ಲಿ ಈ ವ್ಯತ್ಯಾಸವು ಹೊರಬೀಳುತ್ತದೆ.

ತಂದೆ ಮತ್ತು ತಾಯಿ ಇಬ್ಬರಿಂದಲೂ ಸಂಬಂಧಿತ ವಂಶವಾಹಿ ಬಂದಾಗ ಮಾತ್ರ ಈ ಗುಂಪು ಉಂಟಾಗುತ್ತದೆ. ಸೋದರಮಾವ ಅಥವಾ ಅತ್ತೆಯ ಮಗನೊಂದಿಗೆ ವಿವಾಹವಾಗುವ ಪದ್ಧತಿಯಿರುವ ಕುಟುಂಬಗಳಲ್ಲಿ ಇದರ ಸಂಭವ ಹೆಚ್ಚು. ಕುಟುಂಬದ ಒಬ್ಬರಲ್ಲಿ ಪತ್ತೆಯಾದಲ್ಲಿ ಒಡಹುಟ್ಟಿದವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ. ತುರ್ತು ಸಮಯದಲ್ಲಿ ಹೊಂದುವ ದಾನಿಯು ಮನೆಯಲ್ಲಿಯೇ ದೊರೆಯಬಹುದು.

5. ರಕ್ತದಾನಿಗಳಿಗೆ ಇದರ ಉಪಯೋಗ

ಸಂಗ್ರಹಿಸಿದ ಕೆಂಪು ರಕ್ತಕಣಗಳನ್ನು ಬಳಸಿದ ದ್ರಾವಣಕ್ಕೆ ಅನುಗುಣವಾಗಿ 35 ರಿಂದ 42 ದಿನಗಳವರೆಗೆ ಮಾತ್ರ ಶೇಖರಿಸಿಡಬಹುದು. ಹೀಗಿರುವಾಗ ನೆಗೆಟಿವ್ ಹಾಗೂ ವಿರಳ ಗುಂಪುಗಳ ವಿಷಯದಲ್ಲಿ, ಕರೆದಾಗ ಬರುವ ದಾನಿಗಳ ಪಟ್ಟಿಯೇ ದೊಡ್ಡ ಆಸರೆ. ಇಂತಹವರು ತಮ್ಮ ಸಮೀಪದ ಪರವಾನಗಿ ಪಡೆದ ರಕ್ತ ಕೇಂದ್ರದಲ್ಲಿ ಹೆಸರು ನೋಂದಾಯಿಸಿಕೊಳ್ಳುವುದು ಸೂಕ್ತ. (2020ರ ತಿದ್ದುಪಡಿಯ ನಂತರ ರಕ್ತನಿಧಿಗಳನ್ನು ನಿಯಮಗಳಲ್ಲಿ ‘ರಕ್ತ ಕೇಂದ್ರ’ ಎಂದು ಕರೆಯಲಾಗಿದೆ.)

18 ರಿಂದ 65 ವರ್ಷ ವಯಸ್ಸಿನ, ಕನಿಷ್ಠ 45 ಕಿ.ಗ್ರಾಂ. ತೂಕ ಹಾಗೂ ಪ್ರತಿ ಡೆಸಿಲೀಟರ್‌ಗೆ 12.5 ಗ್ರಾಂ ಹಿಮೋಗ್ಲೋಬಿನ್ ಇರುವ ಆರೋಗ್ಯವಂತರು ರಕ್ತದಾನ ಮಾಡಬಹುದು. ಒಂದು ದಾನದಿಂದ ಮತ್ತೊಂದು ದಾನಕ್ಕೆ ಪುರುಷರಿಗೆ 90 ದಿನ ಮತ್ತು ಮಹಿಳೆಯರಿಗೆ 120 ದಿನಗಳ ಅಂತರವಿರತಕ್ಕದ್ದು. ದಾನ ಮಾಡಿದವರ ಗುಂಪನ್ನು ರಕ್ತ ಕೇಂದ್ರವು ಪರೀಕ್ಷಿಸುವುದರಿಂದ, ತಮ್ಮ ಗುಂಪನ್ನು ಖಚಿತವಾಗಿ ತಿಳಿಯಲು ಇದೊಂದು ಉತ್ತಮ ಮಾರ್ಗವೂ ಹೌದು.

6. ಪರೀಕ್ಷಾ ವರದಿಯ ಬಗ್ಗೆ ಗಮನಿಸಬೇಕಾದ ಅಂಶಗಳು

- ಹುಟ್ಟಿದಾಗ ನಮೂದಿಸಿದ ಗುಂಪನ್ನು ಮಗು ಬೆಳೆದ ನಂತರ ಮತ್ತೊಮ್ಮೆ ಪರೀಕ್ಷಿಸಿ ದೃಢಪಡಿಸಿಕೊಳ್ಳುವುದು. ನವಜಾತ ಶಿಶುವಿನಲ್ಲಿ ಸ್ವಂತ ಪ್ರತಿಕಾಯಗಳು ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ಪೂರ್ಣ ಪರೀಕ್ಷೆ ಸಾಧ್ಯವಾಗುವುದಿಲ್ಲ.
- ಕೆಲವರಲ್ಲಿ ಡಿ ಪ್ರತಿಜನಕವು ದುರ್ಬಲವಾಗಿರುತ್ತದೆ. ಇಂತಹವರಿಗೆ ಒಂದು ಪ್ರಯೋಗಾಲಯವು ಪಾಸಿಟಿವ್ ಎಂದೂ, ಮತ್ತೊಂದು ನೆಗೆಟಿವ್ ಎಂದೂ ವರದಿ ನೀಡಬಹುದು. ಎರಡೂ ವರದಿಗಳನ್ನು ವೈದ್ಯರಿಗೆ ತೋರಿಸುವುದು.
- ಗುಂಪು ಸಾಮಾನ್ಯವಾಗಿ ಜೀವನಪರ್ಯಂತ ಬದಲಾಗುವುದಿಲ್ಲ. ಬೇರೆ ಗುಂಪಿನ ದಾನಿಯಿಂದ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರಲ್ಲಿ ಬದಲಾಗಬಹುದು.

7. ತಪ್ಪು ಕಲ್ಪನೆಗಳು

ಪತಿ ಪತ್ನಿಯರಿಬ್ಬರೂ ಒಂದೇ ಗುಂಪಿನವರಾದಲ್ಲಿ ಮಕ್ಕಳಾಗುವುದಿಲ್ಲ ಅಥವಾ ಮಕ್ಕಳಿಗೆ ನ್ಯೂನತೆ ಉಂಟಾಗುತ್ತದೆ ಎಂಬುದು ತಪ್ಪು. ನೆಗೆಟಿವ್ ಗುಂಪಿನ ಹೆಣ್ಣುಮಕ್ಕಳಿಗೆ ಆರೋಗ್ಯವಂತ ಮಕ್ಕಳಾಗುವುದಿಲ್ಲವೆಂದು ವಿವಾಹ ಸಂಬಂಧವನ್ನು ನಿರಾಕರಿಸುವುದು ಅವೈಜ್ಞಾನಿಕ ಹಾಗೂ ಅನ್ಯಾಯ. ಸಕಾಲದಲ್ಲಿ ಪಡೆಯುವ ಚುಚ್ಚುಮದ್ದೇ ಇದಕ್ಕೆ ಪರಿಹಾರ. ಮಕ್ಕಳ ಗುಂಪು ತಂದೆ ತಾಯಿಯರ ಗುಂಪಿಗಿಂತ ಭಿನ್ನವಾಗಿರುವುದು ಸಹಜ. ಉದಾಹರಣೆಗೆ, ಎ ಮತ್ತು ಬಿ ಗುಂಪಿನ ದಂಪತಿಗೆ ಓ ಗುಂಪಿನ ಮಗು ಜನಿಸಬಹುದು. ಪಾಸಿಟಿವ್ ದಂಪತಿಗೆ ನೆಗೆಟಿವ್ ಮಗು ಜನಿಸಬಹುದು. ಗುಂಪಿಗೆ ಅನುಗುಣವಾಗಿ ಆಹಾರ ಸೇವಿಸಬೇಕೆಂಬುದಕ್ಕೂ, ಗುಂಪಿನಿಂದ ಸ್ವಭಾವವನ್ನು ತಿಳಿಯಬಹುದೆಂಬುದಕ್ಕೂ ವೈಜ್ಞಾನಿಕ ಆಧಾರವಿಲ್ಲ.

8. ಸಾರ್ವಜನಿಕರಿಗೆ ಸೂಚನೆ

ಪರೀಕ್ಷೆ ಮಾಡಿಸದೆ ಯಾವುದೇ ಅರ್ಜಿಯಲ್ಲಿ ರಕ್ತದ ಗುಂಪನ್ನು ಊಹಿಸಿ ಬರೆಯಬಾರದು. ಈ ಹಿಂದೆ ರಕ್ತ ಪಡೆದಾಗ ತೊಂದರೆಯಾಗಿದ್ದಲ್ಲಿ, ಅಥವಾ ತಮ್ಮ ರಕ್ತದಲ್ಲಿ ವಿಶೇಷ ಪ್ರತಿಕಾಯಗಳಿವೆಯೆಂದು ವೈದ್ಯರು ತಿಳಿಸಿದ್ದಲ್ಲಿ, ಆ ದಾಖಲೆಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು. ಗುಂಪಿನ ಹೆಸರಿಗಿಂತ ಈ ಮಾಹಿತಿಯು ವೈದ್ಯರಿಗೆ ಹೆಚ್ಚು ಉಪಯುಕ್ತ. ಮದುವೆಯಾಗಲಿರುವ ಹಾಗೂ ಗರ್ಭಿಣಿಯಾಗಲು ಬಯಸುವ ಮಹಿಳೆಯರು ಮುಂಚಿತವಾಗಿಯೇ ಪರೀಕ್ಷೆ ಮಾಡಿಸಿಕೊಂಡು, ವರದಿಯನ್ನು ಜೋಪಾನವಾಗಿಟ್ಟುಕೊಳ್ಳಬೇಕಾಗಿ ಕೋರಲಾಗಿದೆ.